ಕಣ್ಣೆದುರೇ ಟವರ್, ಫೋನಿನಲ್ಲಿ ಸಿಗ್ನಲ್ ಇಲ್ಲ: ಟವರ್ ಹಂಚಿಕೆ ಅಂದ್ರೇನು?

ಕಳೆದ ಬೇಸಿಗೆಯಲ್ಲಿ ನನ್ನ ಅಡಿಕೆ ತೋಟದ ಬೋರ್‌ವೆಲ್ ಮೋಟಾರ್ ಸುಟ್ಟುಹೋಯ್ತು. ನೀರು ಕಡಿಮೆ ಇತ್ತು, ಒಂದು ಗಂಟೆ ಓಡಿಸಿ ನಿಲ್ಲಿಸೋಣ ಅಂತ ಮನೆಯಿಂದಲೇ ಮೊಬೈಲ್ ಸ್ಟಾರ್ಟರ್‌ಗೆ ಕರೆ ಮಾಡಿ ಚಾಲೂ ಮಾಡಿದ್ದೆ. ನಿಲ್ಲಿಸೋಕೆ ಕರೆ ಮಾಡಿದ್ರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಉತ್ತರ. ಬೈಕ್ ಹತ್ತಿ ತೋಟಕ್ಕೆ ಹೋಗುವಷ್ಟರಲ್ಲಿ ಪಂಪು ನೀರಿಲ್ಲದೆ ಓಡಿ ಕಾಯ್ಲ್ ಕರಕಲಾಗಿತ್ತು. ಮೇಲೆತ್ತಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ 18 ಸಾವಿರ ರೂಪಾಯಿ ಖರ್ಚು.

ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ತೋಟದಲ್ಲಿ ನಿಂತರೆ ಎದುರು ಗುಡ್ಡದ ಮೇಲೆ ಟವರ್ ಕಾಣುತ್ತೆ. ಆದರೆ ಅದರಲ್ಲಿ ಇರುವುದು ಒಂದೇ ಕಂಪನಿಯ ಆಂಟೆನಾ. ನನ್ನ ಸ್ಟಾರ್ಟರ್‌ನ ಸಿಮ್ ಇನ್ನೊಂದು ಕಂಪನಿಯದು, ಅದಕ್ಕೆ ಸಿಗ್ನಲ್ ಬರಬೇಕಾದದ್ದು ಆರು ಕಿಲೋಮೀಟರ್ ಆಚೆಯಿಂದ. ಊರಿನವರು ‘ಇನ್ನೊಂದು ಟವರ್ ಹಾಕ್ಸಿ’ ಅಂತ ಅರ್ಜಿ ಕೊಟ್ಟು ಮೂರು ವರ್ಷ ಆಯ್ತು. ಕೇಳಬೇಕಾದದ್ದು ಅದಲ್ಲ ಅಂತ ನನಗೆ ಅರ್ಥ ಆದದ್ದು ಮೋಟಾರ್ ಸುಟ್ಟ ಮೇಲೆ.

ಟವರ್‌ನಲ್ಲಿ ಏನೇನಿರುತ್ತೆ?

ನಾವು ಟವರ್ ಅಂತ ಕರೆಯೋದರಲ್ಲಿ ಎರಡು ಭಾಗ ಇದೆ. ಕಬ್ಬಿಣದ ಕಂಬ, ಅದರ ಜಾಗ, ಬೇಲಿ, ಕರೆಂಟ್ ಸಂಪರ್ಕ, ಬ್ಯಾಟರಿ, ಡೀಸೆಲ್ ಜನರೇಟರ್ ಒಂದು ಭಾಗ. ಇವು ಯಾವ ಸಿಗ್ನಲ್ಲನ್ನೂ ಹೊರಡಿಸುವುದಿಲ್ಲ. ಕಂಬದ ಮೇಲಿನ ಆಂಟೆನಾ, ರೇಡಿಯೋ ಪೆಟ್ಟಿಗೆ, ಅಲ್ಲಿಂದ ಪೇಟೆಗೆ ಹೋಗುವ ಫೈಬರ್ ಅಥವಾ ಮೈಕ್ರೋವೇವ್ ಸಂಪರ್ಕ ಇನ್ನೊಂದು ಭಾಗ.

ಹಳ್ಳಿ ಕಡೆ ಖರ್ಚು ಕುತ್ತಿಗೆಗೆ ಬರೋದು ಮೊದಲನೇ ಭಾಗದಲ್ಲಿ. ಗುಡ್ಡಕ್ಕೆ ರಸ್ತೆ ಮಾಡಬೇಕು, ಲೈನ್ ಎಳೀಬೇಕು, ಮಳೆಗಾಲದಲ್ಲಿ ಕರೆಂಟ್ ಹೋದರೆ ಡೀಸೆಲ್ ಹೊರಬೇಕು. ಸುತ್ತ ಇರೋದು 200 ಮನೆ. ಅದರಲ್ಲಿ ಮೂರು ಕಂಪನಿಗೆ ಗಿರಾಕಿ ಹಂಚಿಹೋದರೆ ಯಾರಿಗೂ ಗಿಟ್ಟೋದಿಲ್ಲ. ಎರಡು ಎಕರೆ ಭತ್ತಕ್ಕೆ ಪ್ರತಿಯೊಬ್ಬರೂ ಕಟಾವು ಯಂತ್ರ ಕೊಂಡ ಹಾಗೆ. ನಾವು ಏನು ಮಾಡ್ತೀವಿ? ಕೃಷಿ ಯಂತ್ರಧಾರೆಯಿಂದ ಬಾಡಿಗೆಗೆ ತರ್ತೀವಿ. ಒಂದೇ ಕಂಬದ ಮೇಲೆ ಮೂರು ಕಂಪನಿ ಆಂಟೆನಾ ಕಟ್ಟಿ ಬಾಡಿಗೆ ಕೊಡುವುದು ಇದೇ ಲೆಕ್ಕ. ಎರಡನೇ ಬಾಡಿಗೆದಾರ ಬಂದಾಗ ಕಂಬದ ಖರ್ಚು ದುಪ್ಪಟ್ಟಾಗೋದಿಲ್ಲ, ಆದಾಯ ಮಾತ್ರ ಹೆಚ್ಚುತ್ತೆ.

ಇದು ಹೊಸ ವಿಚಾರವೇನಲ್ಲ. ಮಾರುಕಟ್ಟೆಯಲ್ಲಿ ಕಚ್ಚಾಡುತ್ತಿದ್ದ ಭಾರ್ತಿ, ವೊಡಾಫೋನ್, ಐಡಿಯಾ ಮೂರೂ ಸೇರಿ 2007ರಲ್ಲೇ ಇಂಡಸ್ ಟವರ್ಸ್ ಅಂತ ಟವರ್ ಕಂಪನಿ ಕಟ್ಟಿದವು. ಸ್ಪರ್ಧೆ ಗಿರಾಕಿಗೋಸ್ಕರ ಇರಲಿ, ಕಬ್ಬಿಣಕ್ಕೋಸ್ಕರ ಯಾಕೆ ಅನ್ನೋ ಯೋಚನೆ. ಅದೇ ಹೊತ್ತಿಗೆ ಸರ್ಕಾರವೂ ಸಾರ್ವತ್ರಿಕ ಸೇವಾ ನಿಧಿಯಿಂದ ಹಳ್ಳಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಟವರ್‌ಗಳಿಗೆ ಸಹಾಯಧನ ಕೊಟ್ಟಿತು. ಒಂದೊಂದನ್ನೂ ಮೂರು ಕಂಪನಿ ಹಂಚಿಕೊಳ್ಳಬೇಕು ಅನ್ನೋದು ಯೋಜನೆ. ಹಂಚಿಕೆಗೆ ದೂರಸಂಪರ್ಕ ಇಲಾಖೆಯ ಮಾರ್ಗಸೂಚಿ ಬಂದದ್ದು 2008ರಲ್ಲಿ.

ಆಂಟೆನಾವನ್ನೇ ಹಂಚಿಕೊಂಡರೆ?

ಕಂಬ ಹಂಚಿಕೊಂಡರೂ ಪ್ರತಿ ಕಂಪನಿ ತನ್ನ ರೇಡಿಯೋ ತಂದು ಕಟ್ಟಬೇಕು. ಇನ್ನೂ ಒಂದು ಹೆಜ್ಜೆ ಮುಂದಿನದು ಒಳ ರೋಮಿಂಗ್. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಫೋನ್ ಇನ್ನೊಂದು ಕಂಪನಿಯ ರೇಡಿಯೋವನ್ನೇ ಹಿಡಿಯುತ್ತೆ, ಲೆಕ್ಕ ಕಂಪನಿಗಳು ತಮ್ಮೊಳಗೆ ತೀರಿಸಿಕೊಳ್ಳುತ್ತವೆ. ಸರ್ಕಾರಿ ನಿಧಿಯಿಂದ (ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ) ಕಟ್ಟಿದ ಸುಮಾರು 27 ಸಾವಿರ 4ಜಿ ಟವರ್‌ಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಯಾರ ಟವರ್ ಆದರೂ ಬಳಸಬಹುದು ಅನ್ನೋ ವ್ಯವಸ್ಥೆಗೆ 2025ರ ಜನವರಿ 17ರಂದು ಚಾಲನೆ ಸಿಕ್ಕಿತು. ನಮ್ಮಂಥ ಕಾಡಂಚಿನ ಊರುಗಳಿಗೆ ದೊಡ್ಡ ಅನುಕೂಲ ಆಗೋದು ಇದರಿಂದಲೇ.

ಆದರೆ ಒಂದು ತೊಡಕಿದೆ, ಇದನ್ನು ಅಂಗಡಿಯವರು ಹೇಳೋದಿಲ್ಲ. ಹಳೇ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಹೆಚ್ಚಿನವು 2ಜಿ. ಟವರ್‌ನಲ್ಲಿ 4ಜಿ ಹಂಚಿಕೊಂಡರೆ ಅವಕ್ಕೆ ಏನೂ ಪ್ರಯೋಜನ ಇಲ್ಲ. ಜಿಯೋಗೆ 2ಜಿಯೇ ಇಲ್ಲ, ಅದರ ಸಿಮ್ ಇಂಥ ಸ್ಟಾರ್ಟರ್‌ನಲ್ಲಿ ಕೆಲಸ ಮಾಡೋದಿಲ್ಲ. ಹೊಸದು ಕೊಳ್ಳುವಾಗ 4ಜಿ ಮಾದರಿಯನ್ನೇ ಕೇಳಿ. ಬೆಲೆ ಸ್ವಲ್ಪ ಜಾಸ್ತಿಯಾದ್ರೂ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಪರೀಕ್ಷೆ ಮಾಡೋದು ಹೇಗೆ?

ಪಂಪ್‌ಸೆಟ್ ಇರುವ ಜಾಗದಲ್ಲೇ ನಿಂತು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ ಹೋಗಿ, ಸ್ವಯಂಚಾಲಿತ ಆಯ್ಕೆ ತೆಗೆದು ಹುಡುಕಲು ಬಿಡಿ. ಒಂದೆರಡು ನಿಮಿಷದಲ್ಲಿ ಅಲ್ಲಿಗೆ ತಲುಪುವ ಕಂಪನಿಗಳ ಹೆಸರು ಬರುತ್ತೆ. ನಾನು ಮಾಡಿದಾಗ ಎರಡು ಹೆಸರು ಬಂತು, ನನ್ನ ಸ್ಟಾರ್ಟರ್‌ನ ಕಂಪನಿ ಅದರಲ್ಲಿ ಇರಲೇ ಇಲ್ಲ! ಪರೀಕ್ಷೆ ಮುಗಿದ ಮೇಲೆ ಮತ್ತೆ ಸ್ವಯಂಚಾಲಿತಕ್ಕೆ ಹಾಕೋದು ಮರೀಬೇಡಿ. ಒಳ ರೋಮಿಂಗ್ ಇರುವ ಕಡೆ ಡೇಟಾ ಬರದಿದ್ದರೆ ‘ಡೇಟಾ ರೋಮಿಂಗ್’ ಚಾಲೂ ಮಾಡಿ ನೋಡಿ. ಯಾವ ಟವರ್‌ನಲ್ಲಿ ಯಾರಿದ್ದಾರೆ ಅಂತ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದ ನಕ್ಷೆಯಲ್ಲಿ ಸಿಗುತ್ತೆ.

ಇಷ್ಟು ತಿಳಿದ ಮೇಲೆ ಅರ್ಜಿಯ ಮಾತು ಬದಲಾಗುತ್ತೆ. ‘ಹೊಸ ಟವರ್ ಬೇಕು’ ಅನ್ನೋ ಬದಲು ‘ಇಂಥ ಗುಡ್ಡದ ಮೇಲೆ ಈಗಾಗಲೇ ಟವರ್ ಇದೆ, ಅದರಲ್ಲಿ ನಿಮ್ಮ ಆಂಟೆನಾ ಹಾಕಿ’ ಅಂತ ಕಂಪನಿಗೆ ಬರೆಯಿರಿ. ಪಂಚಾಯಿತಿ ನಿರ್ಣಯದ ಜೊತೆ ಗ್ರಾಹಕರ ಸಂಖ್ಯೆಯೂ ಇರಲಿ.

ನಿಮ್ಮ ಜಮೀನಿನಲ್ಲೇ ಟವರ್‌ಗೆ ಜಾಗ ಕೇಳಿದರೆ, ಇನ್ನೊಂದು ಕಂಪನಿ ಬಂದು ಸೇರಿದಾಗ ಬಾಡಿಗೆ ಹೆಚ್ಚಿಸಬೇಕೇ ಅನ್ನೋದನ್ನು ಕರಾರಿನಲ್ಲಿ ಮೊದಲೇ ಬರೆಸಿ, ಆಮೇಲೆ ಕೇಳಿದರೆ ಸಿಗೋದಿಲ್ಲ. ‘ಟ್ರಾಯ್ ಅನುಮತಿಗೆ ಮುಂಗಡ ಕಟ್ಟಿ’ ಅಂತ ಫೋನ್ ಬಂದರೆ ಅದು ಮೋಸ. ಟ್ರಾಯ್ ಟವರ್ ಜಾಗಕ್ಕೆ ಎನ್‌ಒಸಿ ಕೊಡುವುದೇ ಇಲ್ಲ.

ಹಂಚಿಕೆಯಲ್ಲಿ ನಷ್ಟ ಇಲ್ಲವೇ? ಇದೆ. ಆ ಒಂದು ಟವರ್‌ನ ಬ್ಯಾಟರಿ ಸತ್ತರೆ ಊರಿನ ಎಲ್ಲ ಸಿಮ್‌ಗಳೂ ಒಟ್ಟಿಗೆ ಸಾಯ್ತವೆ. ಮಲೆನಾಡಿನ ಮಳೆಗಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ಆಂಟೆನಾ ಕೇಳುವ ಅರ್ಜಿಯಲ್ಲೇ ಬ್ಯಾಟರಿ, ಡೀಸೆಲ್ ವ್ಯವಸ್ಥೆ ಬಗ್ಗೆಯೂ ಒಂದು ಸಾಲು ಸೇರಿಸಿ.

ನನ್ನ ಸ್ಟಾರ್ಟರ್‌ಗೆ ಈಗ ಎದುರು ಗುಡ್ಡದ ಕಂಪನಿಯ ಸಿಮ್ ಹಾಕಿದ್ದೀನಿ. ಜೊತೆಗೆ ನೀರಿಲ್ಲದಾಗ ತಾನೇ ನಿಲ್ಲುವ ಡ್ರೈ ರನ್ ರಕ್ಷಣೆ ಕೂರಿಸಿದ್ದೀನಿ, ಅದಕ್ಕೆ ಸಿಗ್ನಲ್ ಬೇಕಾಗಿಲ್ಲ.