ದಿನಕ್ಕೆ ಒಂದೇ ಊರು: ಪುಟ್ಟ ಮಕ್ಕಳೊಂದಿಗೆ ಹಾಸನದ ಸುತ್ತ ಕಡಿಮೆ ಖರ್ಚಿನ ವಾರಾಂತ್ಯ

ಮನೆಯಲ್ಲಿ ಎರಡರಿಂದ ಎಂಟು ವರ್ಷದ ಮಕ್ಕಳಿದ್ದರೆ ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವುದು ದೂರದಿಂದ ಬಾಡಿಗೆ ವ್ಯಾನಿನಲ್ಲಿ ಬರುವವರ ಅನಿವಾರ್ಯ. ನಮಗೆ ಆ ಅವಸರ ಬೇಡ. ಇವೆಲ್ಲ ನಮ್ಮ ಮಗ್ಗುಲಲ್ಲೇ ಇವೆ. ಈ ವಾರ ಆಗದಿದ್ದರೆ ಮುಂದಿನ ವಾರ.

ಇಲ್ಲಿ ವಿವರಿಸುತ್ತಿರುವುದು ಬೆಳಿಗ್ಗೆ ತಿಂಡಿ ತಿಂದು ಹೊರಟು, ಕತ್ತಲಾಗುವ ಮೊದಲು ಮನೆ ಸೇರುವ ಬಸ್ ಪ್ರವಾಸ. ರಾತ್ರಿ ತಂಗುವುದಿಲ್ಲ, ಆದ್ದರಿಂದ ಲಾಡ್ಜ್ ಖರ್ಚಿಲ್ಲ. ಶನಿವಾರ ಹೊರಗೆ, ಭಾನುವಾರ ಮನೆ ಅಥವಾ ಊರಿನ ಪಾರ್ಕು. ಎರಡು ದಿನವೂ ಸುತ್ತಿಸಿದರೆ ಸೋಮವಾರ ಮಗು ಶಾಲೆಗೆ ಏಳುವುದಿಲ್ಲ.

ಊರು ಆರಿಸುವಾಗ ಎರಡನ್ನು ನೋಡಿ. ಒಂದು, ಬಸ್ಸಿನಲ್ಲಿ ಒಂದೇ ಸಮನೆ ಕೂರುವ ಹೊತ್ತು ಒಂದೂವರೆ ಗಂಟೆ ದಾಟಬಾರದು. ಇನ್ನೊಂದು, ಅಲ್ಲಿ ಮಗುವಿಗೆ ಮಾಡಲು ಏನಾದರೂ ಇರಬೇಕು. ಎಣಿಸುವುದು, ಹತ್ತುವುದು, ಓಡುವುದು, ಮೀನಿಗೆ ಪುರಿ ಹಾಕುವುದು, ಹೀಗೆ. ಬರೀ ನೋಡುವ ಜಾಗದಲ್ಲಿ ನಾಲ್ಕು ವರ್ಷದ ಮಗು ಹತ್ತು ನಿಮಿಷಕ್ಕೆ 'ಮನೆಗೆ ಹೋಗೋಣ' ಎನ್ನುತ್ತದೆ.

ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಹಳೇಬೀಡು. ಹಾಸನದಿಂದ ಸುಮಾರು 31 ಕಿ.ಮೀ. ದೇವಸ್ಥಾನ ಅಂದರೆ ಮಕ್ಕಳಿಗೆ ಬೇಸರ ಅಲ್ಲವೇ ಎಂದು ನೀವು ಕೇಳಬಹುದು. ಹೊಯ್ಸಳೇಶ್ವರದ ಹೊರಗೋಡೆಯ ಹತ್ತಿರ ಮಗುವನ್ನು ನಿಲ್ಲಿಸಿ ನೋಡಿ. ಗೋಡೆಯ ತಳದಲ್ಲಿ ಸುತ್ತಲೂ ಆನೆಗಳ ಸಾಲಿದೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ದೊಡ್ಡವರು ಬಗ್ಗಿ ನೋಡಬೇಕಾದ ಆನೆಗಳು ಮಕ್ಕಳಿಗೆ ಹತ್ತಿರದಲ್ಲೇ ಸಿಗುತ್ತವೆ. 'ಈ ಮೂಲೆಯಿಂದ ಆ ಮೂಲೆಯವರೆಗೆ ಎಷ್ಟು ಆನೆ, ಎಣಿಸು' ಎಂದರೆ ಸಾಕು. ಒಂದರ ಸೊಂಡಿಲು ಹೀಗೆ, ಇನ್ನೊಂದರದು ಹಾಗೆ ಎಂದು ಅವರೇ ನಿಮಗೆ ತೋರಿಸುತ್ತಾರೆ. ಮುಟ್ಟಬಾರದು, ಹತ್ತಬಾರದು ಎಂಬುದನ್ನು ಮಾತ್ರ ಒಳಗೆ ಹೋಗುವ ಮೊದಲೇ ಹೇಳಿ. ಆಮೇಲೆ ದೊಡ್ಡ ನಂದಿ, ಹೊರಗಡೆ ಹುಲ್ಲುಹಾಸು. ಇನ್ನೂ ಚೈತನ್ಯ ಉಳಿದಿದ್ದರೆ ಅರ್ಧ ಕಿ.ಮೀ. ಆಸುಪಾಸಿನಲ್ಲಿರುವ ಬಸದಿಹಳ್ಳಿಗೆ ನಡೆದುಬಿಡಿ. ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳನ್ನು ಎಷ್ಟು ನುಣುಪಾಗಿ ಕಡೆದಿದ್ದಾರೆಂದರೆ ಅವುಗಳಲ್ಲಿ ನಮ್ಮ ಮುಖ ಕಾಣುತ್ತದೆ. ಜನವೂ ಕಡಿಮೆ.

ಬೇಲೂರು ಹಾಸನದಿಂದ ಸುಮಾರು 40 ಕಿ.ಮೀ., ಹಳೇಬೀಡಿನಿಂದ 16. ಹತ್ತಿರ ಎಂದು ಎರಡನ್ನೂ ಸೇರಿಸಲು ಮನಸ್ಸಾಗುತ್ತದೆ. ಮಕ್ಕಳಿಗೆ ಏಳು ವರ್ಷ ತುಂಬಿದ್ದರೆ ಸೇರಿಸಿ, ಇಲ್ಲವಾದರೆ ಇನ್ನೊಂದು ವಾರಕ್ಕೆ ಇರಲಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಅಂಗಳ ವಿಶಾಲವಾಗಿದೆ, ಓಡಲು ಜಾಗವಿದೆ. ಅಂಗಳದಲ್ಲಿರುವ ಸುಮಾರು 42 ಅಡಿಯ ಕಂಬ ಬುಡದಲ್ಲಿ ಹೂಳದೆ, ತನ್ನ ಭಾರಕ್ಕೇ ನಿಂತಿದೆ. ಬುಡದ ಒಂದು ಅಂಚಿನಲ್ಲಿ ಕಾಗದ ತೂರಿಸಿ ತೋರಿಸುತ್ತಾರೆ. ಶಿಲಾಬಾಲಿಕೆಯರನ್ನು ಮರೆತರೂ ಮಕ್ಕಳು ಈ ಕಂಬವನ್ನು ಮರೆಯುವುದಿಲ್ಲ. ಈ ಎರಡೂ ದೇವಾಲಯಗಳು, ಸೋಮನಾಥಪುರದ ಜೊತೆಗೆ, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ.

ಎರಡೂ ಕಡೆ ಚಪ್ಪಲಿ ಹೊರಗೆ ಬಿಡಬೇಕು. ಹತ್ತೂವರೆ ದಾಟಿದರೆ ಕಲ್ಲು ಕಾಯುತ್ತದೆ, ಮಕ್ಕಳ ಅಂಗಾಲು ಸುಡುತ್ತದೆ. ಬ್ಯಾಗಿನಲ್ಲಿ ಎರಡು ಜೊತೆ ಹಳೆಯ ಕಾಲುಚೀಲ ಇರಲಿ.

ಚನ್ನರಾಯಪಟ್ಟಣದವರಿಗೆ ಶ್ರವಣಬೆಳಗೊಳ ಹದಿಮೂರು ಕಿ.ಮೀ. ಅಷ್ಟೇ. ಸುಮಾರು 57 ಅಡಿ ಎತ್ತರದ ಗೊಮ್ಮಟ ದೂರದಿಂದಲೇ ಬೆಟ್ಟದ ಮೇಲೆ ಕಾಣುತ್ತಾನೆ. 'ಯಾರು ಮೊದಲು ನೋಡುತ್ತಾರೆ?' ಎಂದರೆ ದಾರಿ ಸವೆದದ್ದು ಗೊತ್ತಾಗುವುದಿಲ್ಲ. ಆದರೆ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬಂಡೆಯಲ್ಲೇ ಕಡಿದವು. ಆರು ವರ್ಷದ ಮಗು ನಿಂತು ನಿಂತು ಹತ್ತುತ್ತದೆ. ಮೂರು ವರ್ಷದ್ದನ್ನು ನೀವೇ ಹೊರಬೇಕು, ಇಳಿಯುವಾಗಲೂ. ಎತ್ತಿಕೊಳ್ಳುವ ಮಗುವಿದ್ದರೆ ಎದುರಿನ ಚಂದ್ರಗಿರಿಯೇ ಸಾಕು. ಅದರ ಮೆಟ್ಟಿಲು ಬಹಳ ಕಡಿಮೆ, ಮೇಲಿನಿಂದ ಗೊಮ್ಮಟನೂ ಕಾಣುತ್ತಾನೆ. ಬೆಳಿಗ್ಗೆ ಎಂಟಕ್ಕೆ ಹತ್ತಲು ಶುರುಮಾಡಿದರೆ ಬಿಸಿಲೇರುವಷ್ಟರಲ್ಲಿ ಕೆಳಗಿರುತ್ತೀರಿ.

ಅರಕಲಗೂಡಿನವರಿಗೆ ರಾಮನಾಥಪುರಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಸುಮಾರು ಇಪ್ಪತ್ತು ಕಿ.ಮೀ., ಕಾವೇರಿ ದಂಡೆ. ರಾಮೇಶ್ವರ ದೇವಸ್ಥಾನದ ಬಳಿ ಹೊಳೆಯಲ್ಲಿ ವಹ್ನಿ ಪುಷ್ಕರಿಣಿ ಎಂಬ ಮಡುವಿದೆ. ಅಲ್ಲಿ ಮೀನು ಹಿಡಿಯುವಂತಿಲ್ಲ, ಹಾಗಾಗಿ ಅವು ದೊಡ್ಡದಾಗಿ ಬೆಳೆದಿವೆ. ಒಂದು ಹಿಡಿ ಪುರಿ ಎಸೆದರೆ ನೀರು ಕುದಿದ ಹಾಗೆ ಮೇಲೆ ಬರುತ್ತವೆ. ಒಂದು ಪೊಟ್ಟಣ ಪುರಿಯಲ್ಲಿ ಮಕ್ಕಳಿಗೆ ಒಂದು ಗಂಟೆ ಹೋಗುತ್ತದೆ. ಆದರೆ ಇಲ್ಲಿ ನಿಮ್ಮ ಕಣ್ಣು ಮೊಬೈಲಿನ ಮೇಲೆ ಇರಬಾರದು. ದಂಡೆಯ ಕಲ್ಲು ಪಾಚಿಗಟ್ಟಿ ಜಾರುತ್ತದೆ, ನೀರು ಆಳ. ಒಂದು ಮಗುವಿಗೆ ಒಬ್ಬ ದೊಡ್ಡವರು ಕೈ ಹಿಡಿದೇ ನಿಲ್ಲಬೇಕು. ಜೂನ್‌ನಿಂದ ಮಳೆ ಹಿಡಿದು ಹೊಳೆ ತುಂಬಿದ್ದಾಗ ಹೋಗಬೇಡಿ. ಮಾರ್ಗಶಿರದಲ್ಲಿ ಸುಬ್ರಹ್ಮಣ್ಯ ಷಷ್ಠಿಯ ಜಾತ್ರೆಯ ಹೊತ್ತಿಗೂ ಎಳೆ ಮಕ್ಕಳಿಗೆ ಅಲ್ಲಿ ಜನಜಂಗುಳಿ ಹೆಚ್ಚು.

ಹಾಸನ ಮತ್ತು ಹೊಳೆನರಸೀಪುರದವರಿಗೆ ಇನ್ನೊಂದು ಅನುಕೂಲ ರೈಲು. ಮೈಸೂರು ಮಾರ್ಗದಲ್ಲಿ ಈ ಎರಡು ಊರುಗಳ ನಡುವಿನ ಪ್ರಯಾಣ ಚಿಕ್ಕದು. ರೈಲನ್ನೇ ಹತ್ತದ ಮಗುವಿಗೆ ಊರಿಗಿಂತ ರೈಲೇ ಪ್ರವಾಸ. ಹಾಸನದಿಂದ ಹೋಗಿ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿ, ಊಟ ಮಾಡಿ, ಬಸ್ಸಿನಲ್ಲಿ ವಾಪಸ್ ಬನ್ನಿ. ಗೊರೂರು ಅಣೆಕಟ್ಟೆಯನ್ನು ಮಳೆಗಾಲ ಕಳೆದ ಮೇಲೆ ನೋಡಿದರೆ ಚೆಂದ. ಶೆಟ್ಟಿಹಳ್ಳಿಯ ಮುಳುಗುವ ಚರ್ಚ್‌ಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯಲು ನನ್ನ ಒಪ್ಪಿಗೆಯಿಲ್ಲ. ಗೋಡೆಗಳು ಶಿಥಿಲವಾಗಿವೆ, ಸುತ್ತ ನೀರು, ನೆರಳಿಲ್ಲ.

ಇನ್ನು ದುಡ್ಡಿನ ಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ, ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ ದುಡ್ಡಿಲ್ಲ. ಕಂಡಕ್ಟರ್ ಶೂನ್ಯ ಟಿಕೆಟ್, ಅಂದರೆ ಸೊನ್ನೆ ರೂಪಾಯಿ ನಮೂದಾದ ಚೀಟಿ ಕೊಡುತ್ತಾರೆ. ಅದನ್ನು ಇಳಿಯುವವರೆಗೂ ಇಟ್ಟುಕೊಳ್ಳಿ. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಮತದಾರರ ಚೀಟಿ ಜೊತೆಗಿರಲಿ, ಮಗಳ ಆಧಾರ್ ಸಹ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗಂಡುಮಗುವಿಗೆ ಆರು ವರ್ಷ ಆಗುವವರೆಗೆ ಉಚಿತ, ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ಅಂದರೆ ಅಪ್ಪ, ಅಮ್ಮ, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಹೊರಟರೆ ದುಡ್ಡು ಕೊಡಬೇಕಾದದ್ದು ಅಪ್ಪನ ಒಂದು ಟಿಕೆಟ್‌ಗೆ ಮಾತ್ರ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಖರ್ಚು ಹೆಚ್ಚುವುದಿಲ್ಲ, ಮಗು ನೋಡಿಕೊಳ್ಳಲು ಒಂದು ಕೈ ಹೆಚ್ಚುತ್ತದೆ.

ರೈಲಿನಲ್ಲಿ ಅಮ್ಮನಿಗೂ ಟಿಕೆಟ್ ಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರವರಿಗೆ ಜನರಲ್ ಬೋಗಿಯಲ್ಲಿ ಅರ್ಧ.

ಕಾರು ಬಾಡಿಗೆಗೆ ಹಿಡಿದರೆ ಆರಾಮ ಅಲ್ಲವೇ? ಆರಾಮವೇನೋ ಹೌದು. ಆದರೆ ಬಾಡಿಗೆ ಕಾರಿನವರು ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿ.ಮೀ. ಎಂದು ಕನಿಷ್ಠ ಲೆಕ್ಕ ಹಿಡಿಯುತ್ತಾರೆ. ಅದು 250 ಕಿ.ಮೀ. ಇದ್ದು, ಕಿ.ಮೀ.ಗೆ 13 ರೂಪಾಯಿ ಎಂದಿಟ್ಟುಕೊಳ್ಳಿ. 3,250 ರೂಪಾಯಿ ಆಯಿತು, ಡ್ರೈವರ್ ಬಾಟಾ ಬೇರೆ. ಹಾಸನದಿಂದ ಬೇಲೂರು, ಹಳೇಬೀಡು ಸುತ್ತಿ ಬಂದರೂ ನೀವು ಓಡಿಸುವುದು ತೊಂಬತ್ತು ಕಿ.ಮೀ. ಒಳಗೆ. ಓಡದ ದೂರಕ್ಕೂ ದುಡ್ಡು ತೆತ್ತ ಹಾಗೆ. ಎರಡು ಮೂರು ಮನೆಯವರು ಸೇರಿ ದೊಡ್ಡ ಗಾಡಿ ಮಾಡಿದರೆ ಮಾತ್ರ ಅದು ಗಿಟ್ಟುತ್ತದೆ.

ಬಸ್ ಖರ್ಚು ಇಷ್ಟು ಕಡಿಮೆಯಾದ ಮೇಲೆ ದುಡ್ಡು ಸೋರುವುದು ಬಾಯಿಗೆ. ಚಿಪ್ಸು, ಜ್ಯೂಸು, ಐಸ್‌ಕ್ರೀಂ, ಗೇಟಿನ ಎದುರಿನ ಆಟಿಕೆ. ಹೊರಡುವಾಗಲೇ 'ಒಬ್ಬೊಬ್ಬರಿಗೆ ಒಂದೇ ಸಾಮಾನು, ಅದೂ ವಾಪಸ್ ಬರುವಾಗ' ಎಂದು ಮಾತು ಮಾಡಿಕೊಳ್ಳಿ. ಊಟ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಪುಳಿಯೋಗರೆ ಕೆಡುವುದಿಲ್ಲ. ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ ಎಂಬ ಚಿಂತೆಯಿದ್ದರೆ ಹೀಗೆ ಮಾಡಿ: ಅನ್ನವನ್ನು ಮೆತ್ತಗೆ ಹಿಸುಕಿ, ಉಗುರುಬೆಚ್ಚಗಿನ ಹಾಲನ್ನು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಕಲಸಿ ಡಬ್ಬಿ ಮುಚ್ಚಿ. ಊಟದ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ನೀರು ಮನೆಯದೇ ಒಯ್ಯಿರಿ. ಬಾಯಾರಿಕೆಗೆ ನಮ್ಮ ಕಡೆ ಎಳನೀರಿಗೆ ಬರವಿಲ್ಲ.

ಬಸ್ಸಿನಲ್ಲಿ ವಾಂತಿ ಮಾಡುವ ಮಗುವಿದ್ದರೆ ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ, ಎರಡು ಇಡ್ಲಿ ಸಾಕು. ಮುಂದಿನ ಸೀಟಿನಲ್ಲಿ ಕೂರಿಸಿ, ಹೊರಗೆ ನೋಡಲು ಹೇಳಿ, ಮೊಬೈಲ್ ಕೊಡಬೇಡಿ. ಶೌಚಾಲಯ ಬಸ್ ಸ್ಟ್ಯಾಂಡಿನಲ್ಲಿದ್ದಾಗಲೇ ಮುಗಿಸಿಕೊಳ್ಳಿ, ಮಗು ಬೇಡವೆಂದರೂ ಸರಿ.

ದೂರದಿಂದ ಬಂದ ನೆಂಟರಿದ್ದು ರಾತ್ರಿ ತಂಗಲೇಬೇಕಾದರೆ, ಬೇಲೂರಿನಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವೇಲಾಪುರಿ ಇದೆ. ಹಳೇಬೀಡಿನಲ್ಲಿ ಮಯೂರ ಶಾಂತಲಾ. ಶ್ರವಣಬೆಳಗೊಳದಲ್ಲಿ ಕ್ಷೇತ್ರದ ವಸತಿಗೃಹಗಳಿವೆ.

ಹಾಸನದಲ್ಲಿ ಉಳಿಯುವ ಭಾನುವಾರಕ್ಕೆ ಮಹಾರಾಜ ಪಾರ್ಕು. ಸಂಜೆ ಒಂದೂವರೆ ಗಂಟೆ ಮಕ್ಕಳನ್ನು ಮರದ ಕೆಳಗೆ ಬಿಟ್ಟುಬಿಡಿ. ಆಶ್ವೀಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಿಂದ ಬಲಿಪಾಡ್ಯಮಿಯವರೆಗೆ ಮಾತ್ರ ಹಾಸನ ಪೇಟೆ, ಬಸ್ ಸ್ಟ್ಯಾಂಡ್ ಎರಡೂ ಕಿಕ್ಕಿರಿದಿರುತ್ತವೆ. ಆಗ ಮಕ್ಕಳ ಪ್ರವಾಸ ಮುಂದೂಡಿ.

ಬಸ್ಸಿನ ಹೊತ್ತು ತಿಳಿಯಲು ನಿಮ್ಮ ಊರಿನ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೇಳುವುದೇ ಸರಿ. ಹೋಗುವ ಬಸ್ಸಿಗಿಂತ ವಾಪಸ್ ಬರುವ ಬಸ್ಸು ಮುಖ್ಯ. ಆ ಊರಲ್ಲಿ ಇಳಿದ ಕೂಡಲೇ ಕಂಟ್ರೋಲರ್ ಹತ್ತಿರ ಕೊನೆಯ ಬಸ್ಸು ಯಾವಾಗ ಎಂದು ಕೇಳಿ, ಅದಕ್ಕಿಂತ ಎರಡು ಬಸ್ ಮೊದಲಿನದಕ್ಕೆ ಹೊರಡಿ. ಭಾನುವಾರವೇ ಹೋಗುವುದಾದರೆ ನಾಲ್ಕು ಗಂಟೆಯೊಳಗೆ ವಾಪಸ್ ಬಸ್ ಹತ್ತಿ. ಆಮೇಲೆ ಬೆಂಗಳೂರಿಗೆ ಹಿಂದಿರುಗುವವರ ಗುಂಪು ಹಾಸನ, ಚನ್ನರಾಯಪಟ್ಟಣದ ನಿಲ್ದಾಣಗಳಲ್ಲಿ ನೆರೆಯುತ್ತದೆ, ನಿದ್ದೆಗೆ ಜಾರಿದ ಮಗುವನ್ನು ಹೊತ್ತು ನಿಂತೇ ಬರಬೇಕಾಗುತ್ತದೆ.