ದ್ವಂದ್ವಯುದ್ಧವೂ ಪಿಸ್ತೂಲೂ

ಇಂಗ್ಲಿಷಿನ ‘ಡ್ಯುಯೆಲ್’ ಎಂಬ ಶಬ್ದಕ್ಕೆ ‘ದ್ವಂದ್ವಯುದ್ಧ’ವೆಂಬ ಪ್ರತಿಶಬ್ದವನ್ನು ನಾವು ಯಾವ ಸಂಕೋಚವೂ ಇಲ್ಲದೆ ಬಳಸುತ್ತ ಬಂದಿದ್ದೇವೆ. ಬಹುಕಾಲ ನಾನೂ ಹಾಗೆಯೇ ಬಳಸಿದವನು. ಕೆಲವು ವರ್ಷಗಳ ಹಿಂದೆ ಪಾಠ ಹೇಳುತ್ತಿದ್ದಾಗ ರಷ್ಯದ ಮಹಾಕವಿ ಪೂಷ್ಕಿನನ ಪ್ರಸ್ತಾವ ಬಂದಿತು. ಆತನು ೧೮೩೭ರಲ್ಲಿ ದ್ವಂದ್ವಯುದ್ಧದಿಂದ ಮಡಿದನೆಂದು ಹೇಳಿ ಮುಂದಕ್ಕೆ ಹೋದೆನು. ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, “ಗುರುಗಳೇ, ಕವಿಯು ಹಿಡಿದದ್ದು ಗದೆಯನ್ನೋ, ಕತ್ತಿಯನ್ನೋ?” ಎಂದು ಕೇಳಿದನು. ಉಳಿದವರು ನಕ್ಕರು, ನಾನೂ ನಕ್ಕೆನು. ಮನೆಗೆ ಬಂದ ಮೇಲೆ ಆ ನಗೆಗಾಗಿ ನಾಚಿಕೆಯಾಯಿತು. ಹುಡುಗನ ತಪ್ಪೇನೂ ಇರಲಿಲ್ಲ. ನಾನು ಕೊಟ್ಟ ಶಬ್ದವೇ ಅವನನ್ನು ರನ್ನನ ವೈಶಂಪಾಯನ ಸರೋವರದ ದಡಕ್ಕೆ ಕರೆದುಕೊಂಡು ಹೋಗಿ, ಭೀಮದುರ್ಯೋಧನರ ಎದುರಿಗೆ ನಿಲ್ಲಿಸಿತ್ತು. ಆ ಶಬ್ದದ ವ್ಯಾಪ್ತಿಯೆಷ್ಟು, ಪಿಸ್ತೂಲೆಂಬ ಆಯುಧವು ಬಂದ ಮೇಲೆ ಅದರ ಅರ್ಥ ಎಷ್ಟರಮಟ್ಟಿಗೆ ಕೆಟ್ಟಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ‘ದ್ವಂದ್ವ’ವೆಂದರೆ ಎರಡೆರಡು, ಜೋಡಿ. ಪಾಣಿನಿಯು ಅಷ್ಟಾಧ್ಯಾಯಿಯ ೮ನೆಯ ಅಧ್ಯಾಯದ ಪ್ರಥಮಪಾದದಲ್ಲಿ ಈ ರೂಪವು ಯಾವ ಯಾವ ಅರ್ಥಗಳಲ್ಲಿ ಸಾಧುವೆಂಬುದನ್ನು ಎಣಿಸುವಾಗ ರಹಸ್ಯವನ್ನೂ ಮರ್ಯಾದೆಯನ್ನೂ ಎಲ್ಲಕ್ಕಿಂತ ಮೊದಲು ಹೇಳಿದ್ದಾನೆ. ಇಬ್ಬರು ಏಕಾಂತದಲ್ಲಿ ಕುಳಿತು ಮಾಡುವ ಆಲೋಚನೆ ರಹಸ್ಯಾರ್ಥಕ್ಕೆ ಉದಾಹರಣೆ. ಮರ್ಯಾದೆಯೆಂದರೆ ಅಲ್ಲಿ ಎಲ್ಲೆ, ಕಟ್ಟು. ಯುದ್ಧಕ್ಕೂ ಈ ಸೂತ್ರಕ್ಕೂ ನೇರವಾದ ಸಂಬಂಧವಿಲ್ಲ. ಆದರೂ ಈ ಎರಡು ಅರ್ಥಗಳನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯಕ್ಕೆ ಉಪಕಾರವಾಗುತ್ತದೆ.

ಭಾರತದಲ್ಲಿ ದ್ವಂದ್ವಯುದ್ಧಕ್ಕೆ ಕಟ್ಟುಗಳಿದ್ದವೆಂಬುದು ವಿದಿತವೇ ಇದೆ. ರಂಗಭೂಮಿಯಲ್ಲಿ ಕರ್ಣನು ಅರ್ಜುನನನ್ನು ಕರೆದಾಗ, ಆ ಆಚಾರವನ್ನು ಚೆನ್ನಾಗಿ ಬಲ್ಲ ಕೃಪನು ನಡುವೆ ಬಂದು ಕರ್ಣನ ಕುಲವನ್ನು ಕೇಳುತ್ತಾನೆ, ಸಮಾನರಲ್ಲದವರಿಗೆ ದ್ವಂದ್ವವಿಲ್ಲ. ದುರ್ಯೋಧನನು ಅಲ್ಲಿಯೇ ಅಂಗರಾಜ್ಯದ ಪಟ್ಟವನ್ನು ಕಟ್ಟಿದ್ದು ಈ ಆಕ್ಷೇಪಕ್ಕೆ ಪರಿಹಾರವಾಗಿ. ಗದಾಯುದ್ಧದಲ್ಲಿ ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಭೀಮನು ಮೀರಿದ್ದರಿಂದ ಬಲರಾಮನು ಕೆರಳಿದನು. ಇವೆಲ್ಲಕ್ಕಿಂತ ಪ್ರಕೃತಕ್ಕೆ ಮುಖ್ಯವಾದದ್ದು ಇನ್ನೊಂದುಂಟು. ಭೀಮನನ್ನು ಕೊಲ್ಲಬೇಕೆಂದು ದುರ್ಯೋಧನನು ಕಬ್ಬಿಣದ ಪುರುಷಪ್ರತಿಮೆಯ ಮೇಲೆ ೧೩ ವರ್ಷ ಗದೆಯ ಸಾಧನೆ ಮಾಡಿದನೆಂದು ಕೃಷ್ಣನೇ ಧರ್ಮರಾಯನಿಗೆ ಹೇಳುತ್ತಾನೆ. ನಮ್ಮ ದ್ವಂದ್ವಕ್ಕೆ ಅಭ್ಯಾಸವೇ ಪ್ರಾಣ. ಗೆದ್ದವನು ಗೆದ್ದದ್ದು ತೋಳಿನಿಂದ, ವಿದ್ಯೆಯಿಂದ, ಒಮ್ಮೊಮ್ಮೆ ಮೋಸದಿಂದ.

ಯೂರೋಪಿನಲ್ಲಿ ಈ ಪದ್ಧತಿಯ ಬೇರು ಬೇರೆಡೆಯಲ್ಲಿದೆ. ಅಲ್ಲಿ ಮಧ್ಯಯುಗದ ನ್ಯಾಯಸ್ಥಾನಗಳಲ್ಲಿ, ಸಾಕ್ಷ್ಯವು ಸಾಲದೆ ಹೋದಾಗ, ವಾದಿಪ್ರತಿವಾದಿಗಳು ಕಾದಾಡಿ ಸತ್ಯವನ್ನು ತೋರಿಸುವ ಕ್ರಮವಿತ್ತು. ದೈವವು ನಿರಪರಾಧಿಯ ಕೈಯನ್ನು ಹಿಡಿಯುತ್ತದೆಂಬುದು ಅದರ ತತ್ತ್ವ. ಅದು ಯುದ್ಧದ ವೇಷವನ್ನು ತೊಟ್ಟ ದಿವ್ಯಪ್ರಮಾಣವೇ ಸರಿ. ನಮ್ಮ ಸ್ಮೃತಿಕಾರರು ದಿವ್ಯಗಳನ್ನು ಅರಿಯದವರಲ್ಲ. ಯಾಜ್ಞವಲ್ಕ್ಯನು ತುಲೆ, ಅಗ್ನಿ, ಜಲ, ವಿಷ, ಕೋಶವೆಂದು ಐದನ್ನು ಹೇಳಿದನು. ಬೃಹಸ್ಪತಿಯು ಒಂಬತ್ತಕ್ಕೆ ಏರಿಸಿದನು. ಈ ಒಂಬತ್ತರಲ್ಲಿಯೂ ಯುದ್ಧವಿಲ್ಲ! ಕಾದ ಕಬ್ಬಿಣವನ್ನು ಹಿಡಿಸಲು ಹಿಂಜರಿಯದ ಶಾಸ್ತ್ರಕಾರರು ಇಬ್ಬರನ್ನು ಕಾದಾಡಿಸಿ ಸತ್ಯವನ್ನು ಕಾಣಲೊಲ್ಲದೆ ಹೋದರು. ಬಲಿಷ್ಠನೇ ಸತ್ಯವಂತನೆಂದು ಸಾಧಿತವಾಗುವ ದೋಷವನ್ನು ಅವರು ಕಂಡಿದ್ದರೆಂದು ನನ್ನ ಊಹೆ.

ಫ್ರಾನ್ಸಿನಲ್ಲಿ ರಾಜಾಜ್ಞೆಯಿಂದ ನಡೆದ ಇಂಥ ಕಾಳಗಗಳಲ್ಲಿ ಪ್ರಸಿದ್ಧವಾದುದೂ ಕಡೆಯದೆಂದು ಎಣಿಸಲ್ಪಟ್ಟುದೂ ೧೫೪೭ರದು. ಎರಡನೆಯ ಹೆನ್ರಿಯ ಸಮ್ಮುಖದಲ್ಲಿ ಜಾರ್ನಾಕನೆಂಬವನು ಎದುರಾಳಿಯ ಮಂಡಿಯ ಹಿಂದಿನ ನರವನ್ನು ಕತ್ತರಿಸಿ ಕೆಡವಿದನು. ಇಂಗ್ಲೆಂಡಿನ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿ ಬಳಕೆ ತಪ್ಪಿದರೂ ಕಾನೂನು ಸತ್ತಿರಲಿಲ್ಲ. ೧೮೧೭ರಲ್ಲಿ ಕೊಲೆಯ ಆಪಾದನೆಗೆ ಒಳಗಾಗಿದ್ದ ಥಾರ್ನ್‌ಟನ್ ಎಂಬವನು ನ್ಯಾಯಾಸನದ ಮುಂದೆಯೇ ಕೈಗವಸನ್ನು ನೆಲಕ್ಕೆಸೆದು ಯುದ್ಧವನ್ನು ಕೇಳಿದನು. ಅದು ಅವನ ಹಕ್ಕೆಂದು ನ್ಯಾಯಾಧಿಪತಿಗಳು ಒಪ್ಪಬೇಕಾಯಿತು! ಫಿರ್ಯಾದಿಯು ಕಾದಲು ಒಪ್ಪದೆ ಹೋದುದರಿಂದ ಅವನು ಬಿಡುಗಡೆಯಾದನು. ೧೮೧೯ರಲ್ಲಿ ಪಾರ್ಲಿಮೆಂಟು ಆ ಕಾನೂನನ್ನು ರದ್ದು ಮಾಡಿತು.

ನ್ಯಾಯಸ್ಥಾನದ ಕಾಳಗವು ಕ್ಷೀಣಿಸುತ್ತಿದ್ದಂತೆ ೧೬ನೆಯ ಶತಮಾನದಲ್ಲಿ ಮಾನದ ಕಾಳಗವು ತಲೆಯೆತ್ತಿತು. ಇದಕ್ಕೆ ರಾಜನ ಅನುಮತಿ ಬೇಡ, ಪ್ರೇಕ್ಷಕರೂ ಬೇಡ. ಒಂದು ಮಾತು ನಡೆದು, ಸುಳ್ಳನೆನಿಸಿಕೊಂಡವನು ಕರೆ ಕಳುಹಿಸುವನು. ಊರಾಚೆಯ ಬಯಲಿನಲ್ಲಿ ಬೆಳಗಿನ ಜಾವ ಇಬ್ಬರೂ ತಮ್ಮ ತಮ್ಮ ಸಾಕ್ಷಿಗಳೊಡನೆ ಕೂಡುವರು. ಟ್ರೆಂಟಿನ ಧರ್ಮಸಭೆಯು ೧೫೬೩ರಲ್ಲಿ ಇದನ್ನು ಖಂಡಿಸಿತು. ರಿಶ್ಲ್ಯೂ ಮಂತ್ರಿಯು ೧೬೨೭ರಲ್ಲಿ ಬೂತ್‌ವಿಲ್ ಎಂಬ ಮಹಾಕುಲೀನನ ತಲೆಯನ್ನೇ ತೆಗೆಸಿದನು. ಅಷ್ಟಾದರೂ ನಿಲ್ಲಲಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಸಾಕ್ಷ್ಯವನ್ನು ಇದರ ಪಕ್ಕದಲ್ಲಿಡಬಹುದು. ಅದೇ ೧೬ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡು ಬರೆದ ಪೋರ್ಚುಗೀಸರ ಪೈಕಿ ನೂನಿಜನು, ಅಲ್ಲಿ ದ್ವಂದ್ವದಲ್ಲಿ ಕಾದುವವರಿಗೆ ದೊಡ್ಡ ಗೌರವವುಂಟೆಂದೂ, ಸತ್ತವನ ಆಸ್ತಿಯು ಉಳಿದವನಿಗೆ ಸೇರುವುದೆಂದೂ, ಮಂತ್ರಿಯ ಅಪ್ಪಣೆಯನ್ನು ಕೇಳದೆ ಯಾರೂ ಕಾದುವಂತಿಲ್ಲವೆಂದೂ ತಿಳಿಸುತ್ತಾನೆ. ಬಾರ್ಬೋಸನ ಬರಹದಲ್ಲಿಯೂ ರಾಜನ ಅನುಮತಿ, ಗೊತ್ತಾದ ಕಣ, ಸಮವಾದ ಆಯುಧಗಳ ಮಾತು ಬರುತ್ತದೆ. ಈ ದ್ವಂದ್ವವು ಮರ್ಯಾದೆಯೊಳಗಣದು. ಅದೇ ಕಾಲದ ಐರೋಪ್ಯರದು ರಹಸ್ಯದೊಳಗಣದು. ಪಾಣಿನಿಯ ಎರಡು ಅರ್ಥಗಳು ಎರಡು ದೇಶಗಳನ್ನು ಹಂಚಿಕೊಂಡಂತಿವೆ. ವಿಜಯನಗರದವರು ಕೋವಿಯನ್ನು ಅರಿಯದವರಲ್ಲವೆಂಬುದನ್ನೂ ಗಮನಿಸಬೇಕು. ೧೫೨೦ರ ರಾಯಚೂರಿನ ಮುತ್ತಿಗೆಯಲ್ಲಿ ಫಿಗೇರೆದುವೆಂಬ ಪೋರ್ಚುಗೀಸನ ಬಂದೂಕುಗಾರರು ಕೋಟೆಯ ಮೇಲಿದ್ದವರನ್ನು ಹೊಡೆದುರುಳಿಸಿ ಕೃಷ್ಣದೇವರಾಯನಿಗೆ ನೆರವಾದದ್ದನ್ನು ಇದೇ ನೂನಿಜನು ವಿಸ್ತರಿಸಿದ್ದಾನೆ.

ಕೋವಿಯ ಮಾತು ಬಂದುದರಿಂದ ಒಂದು ತಪ್ಪೊಪ್ಪಿಗೆ. ಶುಕ್ರನೀತಿಯಲ್ಲಿ ನಾಲಿಕಾಸ್ತ್ರವೂ ಅಗ್ನಿಚೂರ್ಣವೂ ಹೇಳಲ್ಪಟ್ಟಿರುವುದರಿಂದ ಪ್ರಾಚೀನ ಭಾರತದಲ್ಲಿ ಬಂದೂಕಿತ್ತೆಂದು ಆಪರ್ಟ್ ಪಂಡಿತನು ೧೮೮೦ರಲ್ಲಿ ವಾದಿಸಿದನು. ಚಿಕ್ಕಂದಿನಲ್ಲಿ ನಮ್ಮ ಗುರುಗಳು ಅದನ್ನು ಹೇಳಿದಾಗ ರೋಮಾಂಚವಾಗಿತ್ತು. ನಾನೂ ಕೆಲಕಾಲ ಅದನ್ನೇ ಹೇಳಿದೆನು. ಆ ಗ್ರಂಥವು, ಅಥವಾ ಆ ಭಾಗವಾದರೂ, ಬಹಳ ಈಚಿನದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಅಭಿಮಾನವು ಪ್ರಮಾಣಗಳಲ್ಲಿ ಸೇರಿಲ್ಲ.

ಇನ್ನು ಪಿಸ್ತೂಲಿಗೆ ಬರೋಣ. ಹಳೆಯ ಬಂದೂಕಿನಲ್ಲಿ, ಉರಿಯುತ್ತಿರುವ ಬತ್ತಿಯು ಬಾಗಿ ರಂಜಕವನ್ನು ಮುಟ್ಟಿ ಮದ್ದನ್ನು ಹೊತ್ತಿಸಬೇಕಾಗಿತ್ತು. ಹೊತ್ತಿಸಿದ ಬತ್ತಿಯನ್ನು ಸೊಂಟದಲ್ಲಿಟ್ಟುಕೊಳ್ಳುವುದೆಂತು? ಆದುದರಿಂದ ಬತ್ತಿಯ ಕಾಲದಲ್ಲಿ ಕಿರುಗೋವಿಯು ಬೆಳೆಯಲಿಲ್ಲ. ೧೬ನೆಯ ಶತಮಾನದಲ್ಲಿ, ಸುರುಳಿ ಬಿಗಿದ ಚಕ್ರವು ತಿರುಗಿ ಕಿಡಿ ಹಾರಿಸುವ ಯಂತ್ರವು ಬಂದಿತು. ಅದು ಗಡಿಯಾರದಷ್ಟು ಸೂಕ್ಷ್ಮ, ಬೆಲೆಯೂ ಅದಕ್ಕೆ ತಕ್ಕಂತೆ. ೧೭ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಚಕಮಕಿಯ ಕೋವಿಯು ಒಂದು ಹದಕ್ಕೆ ಬಂದಿತು. ಬೆರಳಿನಿಂದ ಕೀಲನ್ನು ಎಳೆದರೆ ಚಕಮಕಿ ಕಲ್ಲನ್ನು ಕಚ್ಚಿದ ಕುದುರೆಯು ಉಕ್ಕಿನ ತಗಡಿಗೆ ಬಡಿಯುವುದು. ಕಿಡಿಯು ಬಟ್ಟಲಿನ ರಂಜಕಕ್ಕೆ ಬೀಳುವುದು. ಆ ಉರಿಯು ಕಿವಿಯ ಮೂಲಕ ನಳಿಗೆಯೊಳಕ್ಕೆ ಹೋಗಿ ಗುಂಡನ್ನು ಹಾರಿಸುವುದು. (‘ಕುದುರೆ’, ‘ಕಿವಿ’ಗಳು ನಾನು ಕಟ್ಟಿದವಲ್ಲ, ಕೋವಿ ಹಿಡಿಯುವ ನಮ್ಮ ಜನರ ಶಬ್ದಗಳೇ.) ಮೊದಲ ಉರಿಗೂ ಎರಡನೆಯದಕ್ಕೂ ನಡುವೆ ಒಂದು ಕ್ಷಣದ ಅಂತರ. ಮದ್ದು ತೇವಗೊಂಡಿದ್ದರೆ ಹಾರುವುದೇ ಇಲ್ಲ.

೧೮ನೆಯ ಶತಮಾನದಲ್ಲಿ ಆಂಗ್ಲೇಯ ಗೃಹಸ್ಥರು ಸೊಂಟಕ್ಕೆ ಕತ್ತಿ ಕಟ್ಟುವುದನ್ನು ಬಿಟ್ಟಂತೆಲ್ಲ ಅವರ ದ್ವಂದ್ವಗಳಲ್ಲಿ ಪಿಸ್ತೂಲು ಕತ್ತಿಯ ಸ್ಥಾನವನ್ನು ಪಡೆಯಿತು. ವಾಗ್ಡನ್, ಮ್ಯಾಂಟನ್ ಮೊದಲಾದ ಲಂಡನ್ನಿನ ಕಮ್ಮಾರರು ಒಂದೇ ಪೆಟ್ಟಿಗೆಯಲ್ಲಿ ಒಂದನ್ನೊಂದು ಹೋಲುವ ಎರಡೆರಡನ್ನು ಮಾಡಿ ಮಾರಿದರು. ಆಯುಧವೇ ದ್ವಂದ್ವವಾಯಿತು! ನಳಿಗೆಯ ಒಳಗೆ ಸುರುಳಿಗೆರೆಗಳನ್ನು ಕೊರೆದರೆ ಗುಂಡು ತಿರುಗುತ್ತ ನೆಟ್ಟಗೆ ಹೋಗುವುದೆಂಬುದು ಅವರಿಗೆ ಗೊತ್ತಿತ್ತು. ಆದರೂ ಇಂಗ್ಲೆಂಡಿನಲ್ಲಿ ಅಂಥ ಪಿಸ್ತೂಲನ್ನು ತರುವುದು ಸಜ್ಜನರಿಗೆ ತಕ್ಕುದಲ್ಲವೆಂದು ಎಣಿಸಿದರು. ಗುರಿ ತಪ್ಪುವುದಕ್ಕೆ ಎಡೆಯಿರಬೇಕೆಂಬುದೇ ಅದರ ಅಭಿಪ್ರಾಯ. ಐರ್ಲೆಂಡಿನ ಕ್ಲಾನ್ಮೆಲ್ ಪಟ್ಟಣದಲ್ಲಿ ೧೭೭೭ರಲ್ಲಿ ರಚಿಸಿದ ನಿಯಮಾವಳಿಯಲ್ಲಿ ಹೊತ್ತದ ಮದ್ದನ್ನೂ ಒಂದು ಏಟೆಂದೇ ಲೆಕ್ಕ ಹಿಡಿಯಬೇಕೆಂದಿದೆ. ಬೇಕೆಂದೇ ಆಕಾಶಕ್ಕೆ ಹೊಡೆಯುವುದನ್ನು ನಿಷೇಧಿಸಿದೆ. ಮೀಮಾಂಸಕನ ಕಣ್ಣಿಗೆ ಇದು ಬಹಳ ಸ್ವಾರಸ್ಯವಾದ ವಿಧಿ. ಫಲವನ್ನು ತಪ್ಪಿಸಬಹುದು, ಕರ್ಮವನ್ನು ಮಾತ್ರ ತಪ್ಪಿಸಕೂಡದು.

ಇದರ ಸ್ವರೂಪವನ್ನು ತಿಳಿಯಲು ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವು ಸಾಕು. ೧೭೮೦ರ ಜುಲೈಯಲ್ಲಿ ಹೈದರನು ಘಟ್ಟವಿಳಿದು ಕರ್ನಾಟಿಕ ಪ್ರಾಂತಕ್ಕೆ ನುಗ್ಗಿದ್ದನು. ಆಗಸ್ಟ್ ೧೭ರ ಬೆಳಿಗ್ಗೆ ಕಲಕತ್ತೆಯ ಆಲಿಪುರದಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನೂ ಅವನ ಮಂತ್ರಾಲೋಚನಸಭೆಯ ಸದಸ್ಯನಾದ ಫಿಲಿಪ್ ಫ್ರಾನ್ಸಿಸನೂ ಪಿಸ್ತೂಲು ಹಿಡಿದು ೧೪ ಹೆಜ್ಜೆಗಳ ಅಂತರದಲ್ಲಿ ನಿಂತರು. ಸಾಕ್ಷಿಯಾಗಿದ್ದ ಕರ್ನಲ್ ಪಿಯರ್ಸನ ವೃತ್ತಾಂತದಿಂದ ಇಬ್ಬರಿಗೂ ಪಿಸ್ತೂಲಿನ ಬಳಕೆಯೇ ಇರಲಿಲ್ಲವೆಂದು ತಿಳಿಯುತ್ತದೆ. ಫ್ರಾನ್ಸಿಸನ ಮದ್ದು ತೇವವಾಗಿ ಹೊತ್ತಲಿಲ್ಲ. ಬೇರೆ ಮದ್ದು ಕೊಡುವವರೆಗೆ ಹೇಸ್ಟಿಂಗ್ಸನು ಕಾದು ನಿಂತನು. ಬಳಿಕ ಇಬ್ಬರೂ ಹೊಡೆದರು. ಫ್ರಾನ್ಸಿಸನು ಬಲಪಕ್ಕೆಗೆ ಗಾಯವಾಗಿ ಬಿದ್ದನು, ಬದುಕಿಕೊಂಡನು. ಒಂದು ತಿಂಗಳೊಳಗೆ, ಸೆಪ್ಟೆಂಬರ್ ೧೦ರಂದು, ಪೊಳ್ಳಿಲೂರಿನಲ್ಲಿ ಅವರ ಸೈನ್ಯವು ಹೈದರನಿಗೆ ಸೋತು ನಾಶವಾಯಿತು. ಒಂದಕ್ಕೊಂದು ಕಾರಣವೆಂದು ನಾನು ಹೇಳುವುದಿಲ್ಲ. ಅಂಥ ಹೊತ್ತಿನಲ್ಲಿಯೂ ಇಬ್ಬರು ರಾಜ್ಯಾಧಿಕಾರಿಗಳಿಗೆ ಇದು ತಪ್ಪಿಸಲಾಗದ ಕರ್ತವ್ಯವಾಗಿ ಕಂಡಿತೆಂಬುದಷ್ಟೇ ನನ್ನ ಮಾತು.

೧೩ ವರ್ಷ ಕಬ್ಬಿಣದ ಪ್ರತಿಮೆಯನ್ನು ಬಡಿದವನೆಲ್ಲಿ, ಪಿಸ್ತೂಲನ್ನೇ ಅರಿಯದೆ ಬಂದು ನಿಂತವನೆಲ್ಲಿ! ಪಿಸ್ತೂಲು ದ್ವಂದ್ವದಿಂದ ಅಭ್ಯಾಸವನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಮುದುಕನೂ ದುರ್ಬಲನೂ ಯೋಧನಿಗೆ ಸಮನಾದರು. ತಡೆಯುವ ವಿದ್ಯೆಯೇ ಇಲ್ಲವಾಯಿತು, ಗುಂಡಿಗೆ ಗುರಾಣಿಯೆಲ್ಲಿ? ಉಳಿದದ್ದು ಎದುರಿಗೆ ಹಿಡಿದ ನಳಿಗೆಯ ಮುಂದೆ ಅಲುಗದೆ ನಿಲ್ಲುವ ಸ್ಥೈರ್ಯ ಒಂದೇ. ಕಾದ ಕಬ್ಬಿಣವನ್ನು ಹಿಡಿದು ಏಳು ಮಂಡಲಗಳನ್ನು ದಾಟುವವನಿಂದ ಸ್ಮೃತಿಯು ಅಪೇಕ್ಷಿಸುವುದೂ ಬಹುಶಃ ಅದನ್ನೇ. ನ್ಯಾಯಸ್ಥಾನದಿಂದ ಹೊರಬಿದ್ದ ದಿವ್ಯವು ಹೀಗೆ ಪಿಸ್ತೂಲಿನ ಮೂಲಕ ಹಿಂದಿರುಗಿತೆಂದು ನನಗೆ ತೋರುತ್ತದೆ. ಶ್ರೀರಂಗಪಟ್ಟಣದ ೧೭೯೯ರ ಮುತ್ತಿಗೆಯಲ್ಲಿ ಸೇನಾನಿಯಾಗಿದ್ದು ಮುಂದೆ ವೆಲ್ಲಿಂಗ್ಟನ್ ಪ್ರಭುವಾದವನು, ೧೮೨೯ರಲ್ಲಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿದ್ದಾಗಲೇ ವಿಂಚಿಲ್ಸಿ ಎಂಬ ಪ್ರಭುವಿನೊಡನೆ ದ್ವಂದ್ವಕ್ಕೆ ನಿಂತನು. ವೆಲ್ಲಿಂಗ್ಟನನ ಗುಂಡು ತಾಗಲಿಲ್ಲ. ವಿಂಚಿಲ್ಸಿಯು ಆಕಾಶಕ್ಕೆ ಹಾರಿಸಿ, ಬಳಿಕ ಕ್ಷಮಾಪಣೆಯ ಪತ್ರವನ್ನು ಕೊಟ್ಟನು. ಗುಂಡಿನ ಮುಂದೆ ನಿಲ್ಲುವವರೆಗೆ ಆ ಪತ್ರಕ್ಕೆ ಸಹಿ ಹಾಕಲು ಅವನ ಮಾನ ಒಪ್ಪುತ್ತಿರಲಿಲ್ಲ.

ಕಮ್ಮಾರರ ಕೈಚಳಕವು ಈ ವ್ಯವಸ್ಥೆಯನ್ನು ಒಳಗಿನಿಂದಲೇ ಕೊರೆಯಿತು. ಕೂದಲೆಳೆಯಷ್ಟು ಒತ್ತಿದರೆ ಸಾಕು ಹಾರುವ ಕೀಲುಗಳು ಬಂದವು. ೧೮೦೪ರಲ್ಲಿ ಅಮೆರಿಕದ ಉಪಾಧ್ಯಕ್ಷ ಬರ್ರನ ಗುಂಡಿಗೆ ಹ್ಯಾಮಿಲ್ಟನನು ಬಲಿಯಾದಾಗ ಬಳಸಿದ ಲಂಡನ್ನಿನ ಪಿಸ್ತೂಲುಗಳಲ್ಲಿ ಅಂಥ ಕೀಲು ಇತ್ತು. ಸ್ಕಾಟ್ಲೆಂಡಿನ ಫಾರ್ಸೈತ್ ಎಂಬ ಪಾದ್ರಿಗೆ ಹಕ್ಕಿಬೇಟೆಯ ಹುಚ್ಚು. ರಂಜಕದ ಮಿಂಚನ್ನು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಅವನು ಬೇಸತ್ತು, ಬಡಿದರೆ ಸಿಡಿಯುವ ರಾಸಾಯನಿಕದಿಂದ ಮದ್ದನ್ನು ಹೊತ್ತಿಸುವ ಉಪಾಯವನ್ನು ಕಂಡುಹಿಡಿದು ೧೮೦೭ರಲ್ಲಿ ಅದರ ಹಕ್ಕನ್ನು ಪಡೆದನು. ಅದರಿಂದಲೇ ಮುಂದೆ ಕೇಪಿನ ಕೋವಿ ಹುಟ್ಟಿತು. ನಡುವಿನ ಕ್ಷಣವು ಅಳಿಯಿತು, ತೇವದ ಭಯವೂ ತಗ್ಗಿತು. ದೈವಕ್ಕೆ ಬಿಟ್ಟಿದ್ದ ಎಡೆಯು ಕಿರಿದಾಯಿತು. ಅಭ್ಯಾಸವುಳ್ಳವನು ಮತ್ತೆ ಕೊಲೆಗಾರನಾದನು. ಇಂಗ್ಲೆಂಡಿನಲ್ಲಿ ದ್ವಂದ್ವವು ನಿಂತುದಕ್ಕೆ ಇದೊಂದೇ ಕಾರಣವಲ್ಲ. ೧೮೪೩ರಲ್ಲಿ ಕರ್ನಲ್ ಫಾಸೆಟ್ಟನು ತನ್ನ ಷಡ್ಡಕನಿಂದಲೇ ಹತನಾದಾಗ ಜನರು ಹೇಸಿದರು. ಮರುವರ್ಷ ಸೈನ್ಯದ ಶಾಸನವನ್ನು ಬಿಗಿ ಮಾಡಿದರು.

ಪೂಷ್ಕಿನನನ್ನು ಹೊಡೆದ ದಾಂತೆಸನೂ ಅವನ ಹೆಂಡತಿಯ ಅಕ್ಕನನ್ನು ಮದುವೆಯಾಗಿದ್ದವನೇ. ೧೦ ಹೆಜ್ಜೆಗಳ ಅಂತರದಲ್ಲಿ ಎರಡು ಗಡಿಗಳು. ಒಬ್ಬೊಬ್ಬನೂ ತನ್ನ ಗಡಿಯಿಂದ ೫ ಹೆಜ್ಜೆ ಹಿಂದೆ ನಿಂತು, ಮುಂದೆ ನಡೆಯುತ್ತ ಬೇಕಾದಾಗ ಹೊಡೆಯಬಹುದು. ದಾಂತೆಸನು ಗಡಿಯನ್ನು ಮುಟ್ಟುವ ಮೊದಲೇ ಹೊಡೆದನು. ಕವಿಯು ಹೊಟ್ಟೆಗೆ ಗುಂಡು ತಗುಲಿ ಹಿಮದ ಮೇಲೆ ಬಿದ್ದು, ಅಲ್ಲಿಂದಲೇ ಹೊಡೆದು ಎದುರಾಳಿಯನ್ನು ಸ್ವಲ್ಪ ಗಾಯಗೊಳಿಸಿ, ಎರಡು ದಿನಗಳ ಮೇಲೆ ತೀರಿಕೊಂಡನು. ಆ ಹುಡುಗನಿಗೆ ನಾನು ಹೇಳಬೇಕಾಗಿದ್ದುದು ಇಷ್ಟು.

ಸಾಹಿತ್ಯವನ್ನು ಕಲಿಸುವವರಿಗೆ ಇನ್ನೊಂದು ಮಾತು. ಪೂಷ್ಕಿನನ ‘ಎವ್ಗೆನಿ ಒನೆಗಿನ್’ ಕಾವ್ಯದ ೬ನೆಯ ಅಧ್ಯಾಯದಲ್ಲಿ ಒನೆಗಿನನು ಗೆಳೆಯನಾದ ಲೆನ್ಸ್ಕಿಯನ್ನು ದ್ವಂದ್ವದಲ್ಲಿ ಕೊಲ್ಲುತ್ತಾನೆ. ಆ ದಿನ ಒನೆಗಿನನು ನಿದ್ದೆಯಿಂದ ತಡವಾಗಿ ಎದ್ದು, ಕುಲೀನನಾದ ಸಾಕ್ಷಿಯನ್ನು ಕರೆತರದೆ ತನ್ನ ಫ್ರೆಂಚ್ ಪರಿಚಾರಕನನ್ನು ಸಾಕ್ಷಿಯೆಂದು ನಿಲ್ಲಿಸುತ್ತಾನೆ. ದ್ವಂದ್ವದ ಮರ್ಯಾದೆಯನ್ನು ಬಲ್ಲವರ ಕಣ್ಣಿನಲ್ಲಿ ಕಾಳಗವನ್ನು ಅಲ್ಲಿಗೇ ನಿಲ್ಲಿಸಲು ಈ ಎರಡು ದೋಷಗಳಲ್ಲಿ ಒಂದೇ ಸಾಕಾಗಿತ್ತು. ಲೆನ್ಸ್ಕಿಯ ಸಾಕ್ಷಿಯಾದ ಜರೆತ್ಸ್ಕಿಯು ಈ ಆಚಾರದಲ್ಲಿ ನಿಷ್ಣಾತನೆಂದು ಕವಿಯೇ ವರ್ಣಿಸಿದ್ದಾನೆ; ಹಾಗಿದ್ದೂ ಅವನು ತುಟಿ ಕಚ್ಚಿ ಸುಮ್ಮನಾಗುತ್ತಾನೆ. ಯೂರಿ ಲೋತ್ಮನ್ ಎಂಬ ವ್ಯಾಖ್ಯಾನಕಾರನು ಇದನ್ನು ಎತ್ತಿ ತೋರಿಸುವವರೆಗೆ ನಾನು ಆ ಭಾಗವನ್ನು ಕುರುಡನಂತೆ ದಾಟಿಹೋಗಿದ್ದೆನು. ರಂಗಭೂಮಿಯಲ್ಲಿ ಕೃಪನು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ಕೇಳಬೇಕಾದವನು ಕೇಳಲಿಲ್ಲ. ಹದಿನೆಂಟು ವರ್ಷದ ಹುಡುಗ ಕವಿಯೊಬ್ಬನು ಹಿಮದಲ್ಲಿ ಬಿದ್ದನು.