ಹಾವಿನ ನಂಜು: ಹೊಲದ ಬದುವಿನಿಂದ ಪ್ರಯೋಗಶಾಲೆಯವರೆಗೆ

ಮುಂಗಾರು ಹಿಡಿದ ಮೇಲೆ ಹಾನಗಲ್ಲ ಸೀಮೆಯ ಭತ್ತದ ಗದ್ದೆಗಳಲ್ಲಿ ನೀರು ನಿಲ್ಲುತ್ತದೆ. ಹಿರೇಕೆರೂರು, ಶಿಗ್ಗಾಂವಿ ಭಾಗದ ಗೋವಿನಜೋಳ ಮೊಣಕಾಲು ಮಟ್ಟ ದಾಟುತ್ತದೆ. ಸವಣೂರಿನ ಎಲೆಬಳ್ಳಿ ತೋಟಗಳಲ್ಲಿ ನೆರಳು ದಟ್ಟವಾಗುತ್ತದೆ. ಬಿಲಗಳಿಗೆ ನೀರು ನುಗ್ಗಿ ಇಲಿ, ಕಪ್ಪೆಗಳು ಹೊರಬೀಳುತ್ತವೆ, ಅವುಗಳ ಬೆನ್ನು ಹಿಡಿದು ಹಾವುಗಳೂ ಬರುತ್ತವೆ. ಕಳೆ ತೆಗೆಯಲು ಬಗ್ಗಿದ ತಾಯಿಯ ಕೈ, ರಾತ್ರಿ ಪಾಳಿಯ ಕರೆಂಟಿಗೆ ಕಾದು ನೀರು ಹಾಯಿಸಲು ಹೋದ ಮಗನ ಬರಿಗಾಲು ಈ ಕಾಲದಲ್ಲಿಯೇ ಹಾವಿಗೆ ಎದುರಾಗುತ್ತವೆ. ಸದ್ಭಕ್ತರಲ್ಲಿ ಬಹುಪಾಲು ಒಕ್ಕಲುತನದವರೇ ಆಗಿರುವುದರಿಂದ ಈ ಸಂಚಿಕೆಯಲ್ಲಿ ಹಾವು ಕಡಿತದ ಬಗ್ಗೆ, ಅದರ ಚಿಕಿತ್ಸೆಯಲ್ಲಿ ಈಚಿನ ವರ್ಷಗಳಲ್ಲಿ ನಡೆದಿರುವ ಸಂಶೋಧನೆಯ ಬಗ್ಗೆ ಕೊಂಚ ವಿಸ್ತಾರವಾಗಿ ಬರೆಯುವುದು ಉಚಿತವೆನಿಸಿದೆ.

ಮೊದಲು ಪ್ರಮಾಣವನ್ನು ತಿಳಿಯೋಣ. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ದಾಖಲಿಸಿದ ಒಂದು ಬೃಹತ್ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಜನ. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸಂಭವಿಸಿದ್ದವು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು, ಮತ್ತು ಆಸ್ಪತ್ರೆ ತಲುಪದೆ ತೀರಿಕೊಂಡವರೇ ಅಧಿಕ. ಆಸ್ಪತ್ರೆಯ ಕಡತದಲ್ಲಿ ಹೆಸರಿಲ್ಲದವರು ಸರಕಾರದ ಲೆಕ್ಕದಲ್ಲಿಯೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ಅಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರಕಾರವು 2024ರ ಫೆಬ್ರುವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಸರಕಾರಿಯಿರಲಿ ಖಾಸಗಿಯಿರಲಿ, ಹಾವು ಕಚ್ಚಿದ ರೋಗಿ ಬಂದರೆ ಆಸ್ಪತ್ರೆಯು ಅದನ್ನು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಮರುತಿಂಗಳೇ ಕೇಂದ್ರ ಸರಕಾರವು 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಹೊರಡಿಸಿತು. ಎಲ್ಲಿ ಎಷ್ಟು ಕಡಿತವೆಂದು ಗೊತ್ತಾದರೆ ತಾನೇ ಔಷಧಿ ಅಲ್ಲಿಗೆ ಹೋಗುವುದು?

ನಮ್ಮಲ್ಲಿ ಜೀವಕ್ಕೆ ಎರವಾಗುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಇವುಗಳ ನಂಜು ಒಂದೇ ಬಗೆಯದಲ್ಲ. ನಾಗರ ಮತ್ತು ಕಟ್ಟು ಹಾವಿನ ನಂಜು ನರಗಳು ಸ್ನಾಯುಗಳಿಗೆ ಕೊಡುವ ಅಪ್ಪಣೆಯನ್ನು ತಡೆಯುತ್ತದೆ. ಕಣ್ಣೆವೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಮಂಡಲಗಳ ನಂಜು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಒಸಡು, ಮೂತ್ರ, ಹಳೆಯ ಗಾಯ ಎಲ್ಲಿಂದಲಾದರೂ ರಕ್ತ ಸುರಿಯಬಹುದು. ಕೊಳಕುಮಂಡಲ ಕಚ್ಚಿದವರಲ್ಲಿ ಮೂತ್ರಪಿಂಡಗಳು ಸೋಲುವುದೂ ಸಾಮಾನ್ಯ.

ಕಟ್ಟು ಹಾವಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ರಾತ್ರಿ ಸಂಚರಿಸುವ ಹಾವು, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುತ್ತದೆ. ಹಲ್ಲು ಸೂಜಿಯಷ್ಟು ಸಣ್ಣದು, ನೋವಿಲ್ಲ, ಬಾವಿಲ್ಲ, ಗುರುತೂ ಕಾಣದು. ನಸುಕಿನಲ್ಲಿ ಎದ್ದವರು ಹೊಟ್ಟೆನೋವು ಎನ್ನುತ್ತಾರೆ, ಮನೆಯವರು ಅಜೀರ್ಣವೆಂದು ಓಮದ ಕಷಾಯ ಕೊಡುತ್ತಾರೆ. ಅಷ್ಟರಲ್ಲಿ ಕಣ್ಣೆವೆ ಬೀಳತೊಡಗಿರುತ್ತದೆ. ಈ ನಂಜು ನರದ ತುದಿಯನ್ನೇ ಹಾಳುಮಾಡುವುದರಿಂದ ಒಮ್ಮೆ ಪಾರ್ಶ್ವವಾಯುವಿನಂತಹ ಸ್ಥಿತಿ ಬಂದ ಮೇಲೆ ಪ್ರತಿವಿಷ ಕೊಟ್ಟರೂ ಅದು ಕೂಡಲೇ ಹಿಂದೆ ಸರಿಯದು. ನರದ ತುದಿ ಮತ್ತೆ ಚಿಗುರುವವರೆಗೆ ಕೆಲವು ದಿನ ವೆಂಟಿಲೇಟರ್‌ನಲ್ಲಿ ಉಸಿರಾಡಿಸಬೇಕಾಗುತ್ತದೆ. ಆ ಸ್ಥಿತಿಯಲ್ಲಿ ರೋಗಿಯ ಕಣ್ಣಿನ ಪಾಪೆಯೂ ಬೆಳಕಿಗೆ ಮಿಡಿಯದಿರಬಹುದು. ನೋಡಿದವರಿಗೆ ಮಿದುಳು ಸತ್ತಂತೆಯೇ ತೋರುತ್ತದೆ, ಆದರೆ ಒಳಗೆ ಪ್ರಜ್ಞೆ ಇರಬಹುದು. ಇಂಥವರು ಪೂರ್ಣ ಗುಣಮುಖರಾಗಿ ಮನೆಗೆ ಮರಳಿದ ಪ್ರಸಂಗಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿವೆ. ಆದ್ದರಿಂದ ಬಂಧುಗಳು ಆಸೆ ಕಳೆದುಕೊಂಡು ರೋಗಿಯನ್ನು ಬಿಡಿಸಿಕೊಂಡು ಹೋಗಲು ಅವಸರಪಡಬಾರದು.

ಪ್ರತಿವಿಷವೆಂಬುದು ಏನು? 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿದ ದಾರಿಯಲ್ಲಿಯೇ ಅದು ಇಂದಿಗೂ ತಯಾರಾಗುತ್ತಿದೆ. ಕುದುರೆಗೆ ಅತ್ಯಲ್ಪ ಪ್ರಮಾಣದಲ್ಲಿ ನಂಜನ್ನು ಮತ್ತೆ ಮತ್ತೆ ಚುಚ್ಚುತ್ತಾರೆ. ಅದರ ರಕ್ತದಲ್ಲಿ ನಂಜನ್ನು ಹಿಡಿದು ಕಟ್ಟುವ ಪ್ರತಿಕಾಯಗಳು ಹುಟ್ಟುತ್ತವೆ, ಅವನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ನಂಜಿನ ಬಹುಭಾಗವು ತಮಿಳುನಾಡಿನ ಇರುಳ ಸಮುದಾಯದವರು 1978ರಿಂದ ನಡೆಸುತ್ತಿರುವ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತದೆ. ನಾಲ್ಕೂ ಹಾವುಗಳ ನಂಜಿಗೆ ಒಂದೇ ಔಷಧಿ. ಹಾವನ್ನು ಕೊಂದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯುವ ಅಗತ್ಯ ಇದರಿಂದಲೇ ಇಲ್ಲ. ವೈದ್ಯರು ಚಿಕಿತ್ಸೆ ಮಾಡುವುದು ಲಕ್ಷಣಗಳನ್ನು ನೋಡಿ. ಹಾವು ಹುಡುಕುತ್ತ ಕಳೆದ ಅರ್ಧ ಗಂಟೆಯು ರೋಗಿಯ ಪಾಲಿಗೆ ನಷ್ಟವೇ ಸರಿ, ಹುಡುಕಿದವನಿಗೂ ಕಡಿತವಾಗಬಹುದು. ಇನ್ನೊಂದು ಮಾತು. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಕೊಡುತ್ತಾರೆ. ಹಾವು ಮಗುವೆಂದು ನಂಜನ್ನು ಕಡಿಮೆ ಬಿಟ್ಟಿರುವುದಿಲ್ಲವಷ್ಟೆ.

ಈ ಔಷಧಿ ತಾಲೂಕು ಆಸ್ಪತ್ರೆಯ ಮಟ್ಟಕ್ಕೆ ತಲುಪುವುದರಲ್ಲಿ ವಸ್ತುವಿಜ್ಞಾನದ ಪಾಲು ದೊಡ್ಡದು. ದ್ರವರೂಪದ ಪ್ರತಿವಿಷವನ್ನು ಸದಾ ಶೀತಪೆಟ್ಟಿಗೆಯಲ್ಲಿ ಇಡಬೇಕು. ಅದನ್ನೇ ಹೆಪ್ಪುಗಟ್ಟಿಸಿ, ಗಾಳಿಯಿಲ್ಲದ ಒತ್ತಡದಲ್ಲಿ ನೀರಿನ ಅಂಶ ತೆಗೆದು ಪುಡಿಯಾಗಿಸಿದರೆ ವಿದ್ಯುತ್ ಕೈಕೊಡುವ ಊರಿನಲ್ಲಿಯೂ ಬಹುಕಾಲ ಉಳಿಯುತ್ತದೆ. ಇಂತಹ ಒಂದೊಂದು ಸೀಸೆಗೂ 10 ಮಿಲಿಲೀಟರ್ ನೀರು ಬೆರೆಸಿ, ನೊರೆ ಬಾರದಂತೆ ಮೆಲ್ಲನೆ ತಿರುಗಿಸಿ ಕರಗಿಸಬೇಕು. ಹತ್ತು ಸೀಸೆ ಕರಗಿಸಲು ಸಮಯ ಹಿಡಿಯುತ್ತದೆ. ದಾದಿಯರು ತಡಮಾಡುತ್ತಿದ್ದಾರೆಂದು ವಾರ್ಡಿನ ಬಾಗಿಲಲ್ಲಿ ಗಲಾಟೆ ಮಾಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಮಂಡಲದ ಕಡಿತವೋ ಅಲ್ಲವೋ ಎಂದು ತಿಳಿಯಲು ಮಾಡುವ ಪರೀಕ್ಷೆಯು ಎಷ್ಟು ಸರಳವೋ ಅಷ್ಟು ಸೂಕ್ಷ್ಮ. ಎರಡು ಮಿಲಿಲೀಟರ್ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಓರೆ ಮಾಡಿದಾಗ ರಕ್ತ ಇನ್ನೂ ಹರಿಯುತ್ತಿದ್ದರೆ ನಂಜು ರಕ್ತಕ್ಕೇರಿದೆ ಎಂದರ್ಥ. ಕೊಳವೆಯು ಗಾಜಿನದೇ ಆಗಿರಬೇಕು. ಗಾಜಿನ ಮೈಗೆ ತಾಗಿದಾಗ ರಕ್ತದ ಹೆಪ್ಪುಗಟ್ಟುವ ಕ್ರಿಯೆ ಆರಂಭವಾಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗಾಗದು. ಸಾಬೂನು ಪುಡಿಯಿಂದ ತೊಳೆದು ಮತ್ತೆ ಬಳಸಿದ ಗಾಜೂ ತಪ್ಪು ಉತ್ತರ ಕೊಡುತ್ತದೆ. ಹೊಸದಾದ, ಒಣಗಿದ, ಸ್ವಚ್ಛ ಗಾಜು ಬೇಕು. ಲಕ್ಷಾಂತರ ರೂಪಾಯಿಯ ಯಂತ್ರವಿಲ್ಲದ ಆಸ್ಪತ್ರೆಯಲ್ಲಿಯೂ ಈ ಸಣ್ಣ ಕೊಳವೆ ಜೀವವುಳಿಸುತ್ತದೆ.

ಇಷ್ಟಾದರೂ ಹಳೆಯ ಪ್ರತಿವಿಷಕ್ಕೆ ಮಿತಿಗಳಿವೆ. ಕುದುರೆಯ ಪ್ರೋಟೀನು ಕೆಲವರಿಗೆ ಒಗ್ಗದೆ ಮೈ ದದ್ದರಿಸಿ ರಕ್ತದೊತ್ತಡ ಕುಸಿಯಬಹುದು. ವೈದ್ಯರು ಅಡ್ರಿನಲಿನ್ ಚುಚ್ಚುಮದ್ದನ್ನು ಪಕ್ಕದಲ್ಲಿಯೇ ಸಿದ್ಧವಿಟ್ಟುಕೊಳ್ಳುವುದು ಇದಕ್ಕಾಗಿ. ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಒಂದೇ ಜಾತಿಯ ಹಾವಿನ ನಂಜು ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ ಅವರ ತಂಡವು ದೇಶದ 34 ಸ್ಥಳಗಳಿಂದ 115 ಕೊಳಕುಮಂಡಲಗಳ ನಂಜನ್ನು ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಿತು. ಉಷ್ಣತೆ, ತೇವ, ಮಳೆ ಇವುಗಳಿಗೆ ಅನುಗುಣವಾಗಿ ನಂಜಿನ ಘಟಕಗಳು ವ್ಯತ್ಯಾಸವಾಗುವುದನ್ನೂ, ಒಣ ಪ್ರದೇಶದ ಹಾವುಗಳಲ್ಲಿ ಪ್ರೋಟೀನು ಕರಗಿಸುವ ಅಂಶ ಹೆಚ್ಚಿರುವುದನ್ನೂ ಅದು ಗುರುತಿಸಿತು. ನಮ್ಮ ಜಿಲ್ಲೆಯ ಭೂಗೋಳವನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಹಾನಗಲ್ಲಿನ ಪಡುವಣ ಅಂಚು ಅರೆಮಲೆನಾಡು, ಸವಣೂರಿನ ಮೂಡಣ ಭಾಗ ಬಯಲುಸೀಮೆ. ನಡುವಿನ ದೂರ ಹೆಚ್ಚೇನಲ್ಲ.

ಹಾಗಾದರೆ ಕುದುರೆಯಿಲ್ಲದೆ, ಊರಿನ ಭೇದವಿಲ್ಲದೆ ಕೆಲಸಮಾಡುವ ಪ್ರತಿವಿಷ ಸಾಧ್ಯವೇ? ಇದರ ಉತ್ತರವನ್ನು ವಿಜ್ಞಾನಿಗಳು ಹುಡುಕಿದ್ದು ವೈರಾಣು ವಿಜ್ಞಾನದ ಅಂಗಳದಲ್ಲಿ. ಎಚ್.ಐ.ವಿ. ವೈರಾಣು ಕ್ಷಣಕ್ಷಣವೂ ವೇಷ ಬದಲಿಸುತ್ತದೆ. ಯಾವ ವೇಷದಲ್ಲಿಯೂ ಬದಲಾಗದೆ ಉಳಿಯುವ ಭಾಗವೊಂದನ್ನು ಹುಡುಕಿ ಅದಕ್ಕೆ ಅಂಟುವ ಪ್ರತಿಕಾಯವನ್ನು ಆರಿಸುವ ವಿದ್ಯೆಯನ್ನು ಸಂಶೋಧಕರು ಅಲ್ಲಿ ಬೆಳೆಸಿದ್ದರು. ಅದೇ ವಿದ್ಯೆಯನ್ನು ಹಾವಿನ ನಂಜಿಗೆ ಹೂಡಿ, ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಹಾಗೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಕೂಡಿ 2024ರ ಫೆಬ್ರುವರಿಯಲ್ಲಿ ಒಂದು ಕೃತಕ ಮಾನವ ಪ್ರತಿಕಾಯವನ್ನು ಪ್ರಕಟಿಸಿದರು. ಸುಮಾರು 5,000 ಕೋಟಿ ಪ್ರತಿಕಾಯಗಳ ಭಂಡಾರದಿಂದ ಸೋಸಿ ತೆಗೆದ ಈ ಒಂದು ಪ್ರತಿಕಾಯವು ನಾಗರದ ಒಂದು ಜಾತಿ, ಕಟ್ಟು ಹಾವಿನ ಕುಲದ ಒಂದು ಹಾವು, ಆಫ್ರಿಕಾದ ಕಪ್ಪು ಮಾಂಬಾ ಇವುಗಳ ನಂಜಿನಿಂದ ಇಲಿಗಳನ್ನು ಕಾಪಾಡಿತು. ಹಾಗೆಂದು ಮಂಡಲಗಳ ನಂಜಿಗೆ ಇದು ನಾಟುವುದಿಲ್ಲ, ಅವುಗಳ ನಂಜೇ ಬೇರೆ.

2025ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ. 2024ರ ರಸಾಯನವಿಜ್ಞಾನ ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ಪ್ರಯೋಗಶಾಲೆಯು ನಾಗರದ ಕುಲದ ನಂಜಿಗೆ ಅಂಟುವ ಪುಟ್ಟ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿಯೇ ರೂಪಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ಸಂಗತಿಯಂತೂ ಕತೆಯಂತಿದೆ. ಟಿಮ್ ಫ್ರೀಡ್ ಎಂಬ ಅಮೆರಿಕನ್ನರು ಸುಮಾರು 18 ವರ್ಷ ತಮ್ಮ ಮೈಗೆ ತಾವೇ ನಂಜು ಚುಚ್ಚಿಕೊಳ್ಳುತ್ತ ಬಂದಿದ್ದರು. ಅವರ ರಕ್ತದಿಂದ ಪಡೆದ ಎರಡು ಪ್ರತಿಕಾಯಗಳಿಗೆ ವಾರೆಸ್ಪ್ಲಾಡಿಬ್ ಎಂಬ ಔಷಧಿಯನ್ನು ಬೆರೆಸಿ ಇಲಿಗಳಿಗೆ ಕೊಟ್ಟಾಗ 19 ಜಾತಿಯ ಹಾವುಗಳ ಪೈಕಿ 13ರ ನಂಜಿನಿಂದ ಪೂರ್ಣ ರಕ್ಷಣೆ, ಉಳಿದ 6ರಿಂದ ಭಾಗಶಃ ರಕ್ಷಣೆ ದೊರೆಯಿತು. ಅವರ ಸಾಹಸವನ್ನು ಯಾರೂ ಅನುಕರಿಸಕೂಡದು. ಅವರೇ ಒಮ್ಮೆ ಸಾವಿನ ಬಾಗಿಲಿಗೆ ಹೋಗಿ ಬಂದವರು. ಇವೆಲ್ಲ ಇನ್ನೂ ಇಲಿಗಳ ಮೇಲಿನ ಪ್ರಯೋಗಗಳು. ಈ ಮಳೆಗಾಲದಲ್ಲಿ ಹಾನಗಲ್ಲಿನ ಆಸ್ಪತ್ರೆಯಲ್ಲಿ ಸಿಗುವುದು ಕುದುರೆಯ ಪ್ರತಿವಿಷವೇ, ಜೀವವುಳಿಸುವುದೂ ಅದೇ.

ಬದುಕಿ ಬಂದವರ ಬಗ್ಗೆಯೂ ಒಂದು ಮಾತು ಅಗತ್ಯ. ಕೊಳಕುಮಂಡಲ ಕಚ್ಚಿ ಗುಣವಾದ ಕೆಲವರು ತಿಂಗಳು, ವರ್ಷಗಳ ನಂತರ ವಿಪರೀತ ದಣಿವು, ತಲೆಸುತ್ತು, ಮೈಗೂದಲು ಉದುರುವಿಕೆ ಎನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುತ್ತದೆ, ಗಂಡಸರಲ್ಲಿ ದಾಂಪತ್ಯದ ಆಸಕ್ತಿ ಕುಗ್ಗುತ್ತದೆ. ಮನೆಯವರು ಇದನ್ನು ನಾಗದೋಷವೆಂದೋ ಸೋಮಾರಿತನವೆಂದೋ ಭಾವಿಸುವುದುಂಟು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೆ ಆ ನಂಜಿನಿಂದ ರಕ್ತಸಂಚಾರ ಕೆಟ್ಟು ಗ್ರಂಥಿ ಸೊರಗಿರುವುದು ಇದರ ಕಾರಣವಿರಬಹುದು. ಬರ್ಮಾದಲ್ಲಿ ಇಂತಹ ರೋಗಿಗಳನ್ನು ಕಂಡು ವೈದ್ಯರು 1987ರಲ್ಲಿಯೇ ವರದಿ ಮಾಡಿದ್ದರು. ದಕ್ಷಿಣ ಭಾರತದಲ್ಲಿಯೂ ಈಚೆಗೆ ಎಂ.ಆರ್.ಐ. ಚಿತ್ರಗಳಲ್ಲಿ ಗ್ರಂಥಿಯಿರಬೇಕಾದ ಗೂಡು ಬರಿದಾಗಿರುವುದು ಕಂಡಿದೆ. ಕೆಲವು ರಕ್ತಪರೀಕ್ಷೆಗಳಿಂದ ಇದು ಪತ್ತೆಯಾಗುತ್ತದೆ, ಅಗ್ಗದ ಮಾತ್ರೆಗಳಿಂದ ಹತೋಟಿಗೆ ಬರುತ್ತದೆ. ಹಿಂದೆ ಹಾವು ಕಚ್ಚಿತ್ತೆಂಬುದನ್ನು ವೈದ್ಯರ ಮುಂದೆ ಹೇಳಲು ಮಾತ್ರ ಮರೆಯಬಾರದು.

ಮಂತ್ರ ಹಾಕಿಸುವ, ಬೇವಿನ ಸೊಪ್ಪು ತಿನ್ನಿಸಿ ಕಹಿ ತಿಳಿಯುತ್ತದೆಯೇ ಎಂದು ಪರೀಕ್ಷಿಸುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಹೋಗಿಲ್ಲ. ಮಂತ್ರದಿಂದ ಬದುಕಿದವರನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರ ಮಾತು ಸುಳ್ಳಲ್ಲ. ನಮ್ಮಲ್ಲಿನ ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ, ವಿಷದ ಹಾವೂ ಎಷ್ಟೋ ಸಲ ನಂಜು ಬಿಡದೆ ಕಚ್ಚುತ್ತದೆ. ಅಂಥವರು ಏನು ಮಾಡಿದರೂ, ಏನೂ ಮಾಡದಿದ್ದರೂ ಬದುಕುತ್ತಾರೆ. ನಂಜೇರಿದವನ ಪಾಲಿಗೆ ಮಾತ್ರ ಆ ಎರಡು ತಾಸು ಮರಳಿ ಬಾರದು. ಪಂಚಮಿಯ ಹಬ್ಬ ಬರುವುದೂ ಕಡಿತಗಳು ಹೆಚ್ಚಿರುವ ಶ್ರಾವಣದಲ್ಲಿಯೇ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಹುತ್ತಕ್ಕೆ ಎರೆಯುವ ಹಾಲನ್ನು ಅಂದು ಮಕ್ಕಳಿಗೆ ಕುಡಿಸುವ ಪದ್ಧತಿಯನ್ನು ಹಲವು ಮಠಗಳು ಬೆಳೆಸಿರುವುದು ಸಂತೋಷದ ಸಂಗತಿ. ಹುತ್ತದ ಬಳಿ ಕೈಯಿಡುವುದೂ ಅದರಿಂದ ತಪ್ಪುತ್ತದೆ.

ಕಚ್ಚಿದ ಕೂಡಲೇ ಮಾಡಬೇಕಾದುದು ಕಡಿಮೆ, ಮಾಡಬಾರದ್ದೇ ಹೆಚ್ಚು. ಹಗ್ಗ, ದಾರದಿಂದ ಬಿಗಿಯಬಾರದು. ಬಿಗಿದರೆ ಕಾಲೇ ಕೊಳೆಯಬಹುದು. ಕೊಯ್ಯುವುದು, ಹೀರುವುದು, ಸುಡುವುದು, ಸುಣ್ಣ ಹಚ್ಚುವುದು ಯಾವುದೂ ಬೇಡ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ, ಬಾವು ಬಂದ ಮೇಲೆ ಅವು ಬಾರವು. ಮುರಿದ ಮೂಳೆಗೆ ಕಟ್ಟುವಂತೆ ಕಾಲಿಗೋ ಕೈಗೋ ದಬ್ಬೆ ಕಟ್ಟಿ ಅಲುಗಾಡದಂತಿಡಿ. ರೋಗಿಯನ್ನು ನಡೆಸಬೇಡಿ, ಓಡಿಸಬೇಡಿ. ಕಚ್ಚಿದ ಹೊತ್ತನ್ನು ಗುರುತಿಟ್ಟುಕೊಳ್ಳಿ. 108ಕ್ಕೆ ಕರೆಮಾಡಿ. ಮುಂಜಾಗ್ರತೆಯಾಗಿ ರಾತ್ರಿ ನೀರು ಹಾಯಿಸುವವರಿಗೆ ಗಮ್‌ಬೂಟು, ಬ್ಯಾಟರಿ, ಕೋಲು ಇರಲಿ. ಗೋವಿನಜೋಳದ ರಾಶಿ, ಮೇವಿನ ಬಣವೆ, ಸೌದೆ ಇವು ಮಲಗುವ ಮನೆಗೆ ತಾಗಿರಬಾರದು. ಕಾಳಿಗೆ ಇಲಿ, ಇಲಿಗೆ ಹಾವು ಬರುತ್ತದೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿದವರಿಗೆ ಕಡಿತದಿಂದ ಒಳ್ಳೆಯ ರಕ್ಷಣೆಯಿದೆಯೆಂದು ನೇಪಾಳದ ಅಧ್ಯಯನವೊಂದು 2007ರಲ್ಲಿ ತೋರಿಸಿದೆ.

ಅದೇ ನೇಪಾಳದ ತರಾಯಿ ಭಾಗದಿಂದ ಬಂದ ಇನ್ನೊಂದು ವರದಿಯು ನಮ್ಮ ಊರುಗಳ ಯುವಕರು ಓದಬೇಕಾದದ್ದು. ಅಲ್ಲಿ ಆಂಬುಲೆನ್ಸ್ ಬರುವುದು ತಡ. ಆದ್ದರಿಂದ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ ಇರುವ ಸ್ವಯಂಸೇವಕರ ತಂಡ ಕಟ್ಟಿದರು. ಕರೆ ಬಂದ ಕೂಡಲೇ ಒಬ್ಬನು ಗಾಡಿ ನಡೆಸುತ್ತಾನೆ, ನಡುವೆ ರೋಗಿ, ಹಿಂದೆ ಇನ್ನೊಬ್ಬನು ಅವನನ್ನು ಬಿಗಿಯಾಗಿ ಹಿಡಿದು ಕೂರುತ್ತಾನೆ. ಜೊತೆಗೆ ಜನರಿಗೆ ತಿಳಿವಳಿಕೆಯನ್ನೂ ಕೊಟ್ಟರು. ಆ ಊರುಗಳಲ್ಲಿ ಕಚ್ಚಿಸಿಕೊಂಡವರ ಪೈಕಿ ಸಾಯುವವರ ಪ್ರಮಾಣ ನೂರಕ್ಕೆ 10.5ರಿಂದ 0.5ಕ್ಕೆ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕರಲ್ಲಿಯೂ ತಾಲೂಕು ಆಸ್ಪತ್ರೆಗಳಿವೆ. ಅಲ್ಲಿ ಮೊದಲ ಪ್ರತಿವಿಷ ಹನಿಸಿಕೊಂಡು, ವೆಂಟಿಲೇಟರ್ ಬೇಕೆಂದು ವೈದ್ಯರು ಹೇಳಿದರೆ ಮಾತ್ರ ಹಾವೇರಿಗೋ ಹುಬ್ಬಳ್ಳಿಗೋ ಹೊರಡಬೇಕು. ನೇರವಾಗಿ ದೊಡ್ಡ ಊರಿಗೇ ಹೋಗೋಣವೆಂದು ತಾಲೂಕು ಆಸ್ಪತ್ರೆಯನ್ನು ದಾಟಿ ಹೋಗಬಾರದು. ಪ್ರತಿ ಊರಿನಲ್ಲಿ ಗಾಡಿಯುಳ್ಳ ನಾಲ್ವರು ಯುವಕರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಗುಡಿಯ ಕಟ್ಟೆಯ ಮೇಲೆ, ಹಾಲಿನ ಡೇರಿಯ ಗೋಡೆಯ ಮೇಲೆ ಮುಂಗಾರಿಗೆ ಮುನ್ನವೇ ಬರೆದಿಡಬಹುದು.